ಎರಡು ಬಂಡಿ ಲಾಲ್ ಬಾಲಿ

ಗುರುವಾರ ಸಂಜೆ ಕಮಲಾಪುರದ ಮನೆ ಮುಟ್ಟಿ ಅಂಗಿ ಕಳಚಿ ಕೊಟ್ಟರೆ, ನನ್ನ ಹೆಂಡತಿ ನೀಲವ್ವ ಅದನ್ನು ಮೊದಲು ಅಂಗಳಕ್ಕೆ ಒಯ್ದು ಜಾಡಿಸುತ್ತಿದ್ದಳು. ತೋಳಿನ ಮಡಿಕೆಯಿಂದ, ಜೇಬಿನ ಮೂಲೆಯಿಂದ ಒಣಗಿದ ಬೇವಿನೆಲೆಗಳು ಉದುರುತ್ತಿದ್ದವು. ಉಳಿದ ಗಂಡಸರು ಪಟ್ಟಣದಿಂದ ಬರುವಾಗ ಹೆಂಡತಿಗೆ ಬಳೆಯನ್ನೋ ಬತ್ತಾಸನ್ನೋ ತರುತ್ತಾರೆ. ನಾನು ತರುತ್ತಿದ್ದುದು ಪುಡಿಯಾದ ಬೇವು ಮತ್ತು ಯಾರ ಕಾಲದ್ದೋ ಧೂಳು. ಅವಳು ಅದಕ್ಕೆ ಎಂದೂ ಬೇಸರಪಟ್ಟವಳಲ್ಲ. ಆದರೆ ಒಂದು ಬೇಸಗೆಯಲ್ಲಿ ಮಾತ್ರ, ಅಂಗಿಯನ್ನು ಹಗ್ಗಕ್ಕೆ ಹಾಕುತ್ತ, "ಇಷ್ಟು ಬೇವಿನ್ಯಾಗ ಇರೋರಿಗಿ ಬಾಯಿ ಕಹಿ ಆಗಬೇಕು, ನಿಮಗ ಹೊಟ್ಟಿನೇ ಕಹಿ ಆಗ್ಯಾದ ನೋಡ್ರಿ" ಎಂದಳು. ಅವಳ ಮಾತು ಸುಳ್ಳಾಗಿರಲಿಲ್ಲ.

ಗೆಳೆಯ, ಅದು ನಿಜಾಮರ ಆಳಿಕೆಯ ಕಾಲ. ನಾನು ಕಲಬುರ್ಗಿಯ ಒಂದು ಕಚೇರಿಯ ದಫ್ತರಖಾನೆಯಲ್ಲಿದ್ದೆ. ದಫ್ತರಖಾನೆಯೆಂದರೆ ಹಳೆಯ ಕಾಗದಪತ್ರಗಳ ಮನೆ. ಹೊಲದ ಬದುವಿನ ತಂಟೆ, ಇನಾಮಿನ ಸನದು, ಬಾವಿಯ ನೀರಿನ ಪಾಳಿ, ಯಾರೋ ಯಾರಿಗೋ ಎಂದೋ ಬರೆದುಕೊಂಡ ಅಹವಾಲು, ಎಲ್ಲವೂ ಬಟ್ಟೆಯ ಗಂಟುಗಳೊಳಗೆ ಕಟ್ಟಿಸಿಕೊಂಡು ಹಲಗೆಗಳ ಮೇಲೆ ಸಾಲಾಗಿ ಕುಳಿತಿರುತ್ತಿದ್ದವು. ಅಂಥ ಗಂಟಿಗೆ ನಾವು ಬಸ್ತಾ ಎನ್ನುತ್ತಿದ್ದೆವು. ಹುಳ ಹತ್ತದಂತೆ ಬಸ್ತಾಗಳ ನಡುವೆ ಬೇವಿನೆಲೆ ಇಡುವುದು, ಮಳೆಗಾಲ ಕಳೆದ ಮೇಲೆ ಬಿಸಿಲಿಗೆ ಹರವುವುದು, ಬೇಡಿದವರಿಗೆ ತೆಗೆದುಕೊಟ್ಟು ಮತ್ತೆ ಹಿಂದಿನ ಮಡಿಕೆಯಲ್ಲೇ ಮಡಿಸಿ ಕಟ್ಟುವುದು ನನ್ನ ಕೆಲಸ. ಕಾಗದಕ್ಕೂ ತನ್ನದೇ ಆದ ಮಡಿಕೆಯೊಂದಿರುತ್ತದೆ, ಬೇರೆಯವರು ಮಡಿಸಿದರೆ ಅದು ಮುನಿಯುತ್ತದೆ ಎಂದು ನಾನು ನಂಬಿದ್ದೆ. ನಂಬಿಕೆಗೇನು, ಸುಂಕ ಕಟ್ಟಬೇಕೆ?

ಆ ಮನೆಯ ಯಜಮಾನರು ಖಾಸಿಂ ಸಾಹೇಬರು. ಬಿಳಿಯ ಗಡ್ಡ, ಮೆಲುಮಾತು, ಎಲೆಯಡಿಕೆಯ ಕೆಂಪು ತುಟಿ. ಉರ್ದುವಿನಲ್ಲಿ ಚುಕ್ಕೆಗಳನ್ನೆಲ್ಲ ನುಂಗಿ, ಅಕ್ಷರಗಳನ್ನು ಒಂದರ ಕೊರಳಿಗೊಂದು ಜೋತುಬೀಳಿಸಿ ಓಡುವ ಮುರುಕು ಬರಹವೊಂದುಂಟು. ಕನ್ನಡ ಶಾಲೆಯಿಂದ ಬಂದ ನನಗೆ ಅದನ್ನು ಓದಲು ಕಲಿಸಿದವರು ಅವರೇ. ಕಲಿಸಿದ್ದಾದರೂ ಹೇಗೆ? ನನ್ನದೊಂದು ಚುಕ್ಕೆ ತಪ್ಪಿದರೆ ಸಂಜೆಯವರೆಗೆ ಮಾತು ಬಿಡುತ್ತಿದ್ದರು. ಸರಿಯಾಗಿ ಓದಿದರೆ "ಹೂಂ" ಎನ್ನುತ್ತಿದ್ದರು, ಅಷ್ಟೇ. ಆ ಒಂದಕ್ಷರದ ಹೊಗಳಿಕೆಗಾಗಿ ನಾನು ದಿನವಿಡೀ ಬೆನ್ನು ಬಗ್ಗಿಸಿ ಕೂತಿರುತ್ತಿದ್ದೆ.

ಹೀಗಿರುವಾಗ ಹೈದರಾಬಾದಿನಿಂದ ಸುದ್ದಿ ಬಂತು. ಅಲ್ಲಿಯ ಹೊಸ ವಿಶ್ವವಿದ್ಯಾಲಯದವರು ತಮ್ಮಲ್ಲಿಯೂ ಒಂದು ದಫ್ತರಖಾನೆ ತೆರೆಯುತ್ತಾರಂತೆ, ನಮ್ಮ ಬಸ್ತಾಗಳಲ್ಲಿ ಬಹಳ ಹಳೆಯವನ್ನು ಆರಿಸಿ ಒಯ್ಯುತ್ತಾರಂತೆ, ಅವುಗಳ ಸಂಗಡ ಅವುಗಳನ್ನು ಬಲ್ಲ ಒಬ್ಬ ಮನುಷ್ಯನೂ ಹೋಗಿ ಅಲ್ಲಿಯೇ ಕಾಯಂ ಆಗಬೇಕಂತೆ. ಆ ಮನುಷ್ಯನ ಹೆಸರು ಬರೆದು ಕಳಿಸುವವರು ಸಾಹೇಬರು. ಕಾಲೇಜಿನ ಮೆಟ್ಟಿಲು ಹತ್ತದ ನನಗೆ ವಿಶ್ವವಿದ್ಯಾಲಯವೆಂಬ ಮಾತೇ ಬಾಯಿತುಂಬ ಸಿಹಿ; ವಿಶ್ವ, ವಿದ್ಯೆ, ಆಲಯ, ಮೂರು ದೊಡ್ಡ ಮಾತುಗಳು ಒಂದೇ ಸೂರಿನ ಕೆಳಗೆ. ಅದರೊಳಗೆ ನನ್ನ ಬಸ್ತಾಗಳ ನಡುವೆ ಕೂತು, ಓದಲು ಬಂದ ಪಂಡಿತರಿಗೆ "ಸ್ವಲ್ಪ ತಡೀರಿ, ತೆಗೆದು ಕೊಡ್ತೀನಿ" ಎನ್ನುವ ನನ್ನನ್ನು ನಾನೇ ಎಷ್ಟೋ ಸಲ ಕಂಡೆ. ಹೋಗುವ ಹೆಸರು ನನ್ನದಲ್ಲದೆ ಇನ್ನಾರದಿದ್ದೀತು?

ಅದೇ ಬೇಸಗೆಯಲ್ಲಿ, ಒಯ್ಯುವ ಬಸ್ತಾಗಳ ಯಾದಿ ಮಾಡಲೆಂದು ವೆಂಕಟರಾಯನೆಂಬ ತರುಣ ಬಂದ. ಅದೇ ವಿಶ್ವವಿದ್ಯಾಲಯದ ಪದವೀಧರ. ಹುಟ್ಟಿದ್ದು ತೆಲುಗು ಸೀಮೆಯಲ್ಲಿ, ಓದಿದ್ದು ಉರ್ದುವಿನಲ್ಲಿ, ಕನ್ನಡ ಬರುವುದು ತಕ್ಕಮಟ್ಟಿಗೆ. ಶೇರವಾನಿ ತೊಟ್ಟು, ರೂಮಿ ಟೊಪ್ಪಿಗೆಯನ್ನು ಸ್ವಲ್ಪ ವಾರೆಯಾಗಿಟ್ಟು ಒಳಗೆ ಕಾಲಿಟ್ಟವನು ಒಂದು ಗಳಿಗೆಯಲ್ಲಿ ಸಾಹೇಬರನ್ನು ನಗಿಸಿದ. ಸಾಹೇಬರಿಗೆ ಅಷ್ಟು ಹಲ್ಲುಗಳು ಉಳಿದಿವೆ ಎಂಬುದು ನನಗೆ ತಿಳಿದದ್ದೇ ಅವತ್ತು. ನನಗೆ ಹೊಟ್ಟೆ ಉರಿಯಿತು.

ಇದಕ್ಕೆ ಸಂಸ್ಕೃತದವರು ಮತ್ಸರವೆಂದು ಗೌರವದ ಹೆಸರಿಟ್ಟು, ಆರು ವೈರಿಗಳ ಪಂಕ್ತಿಯಲ್ಲಿ ಕೊನೆಯ ಮಣೆ ಹಾಕಿದ್ದಾರೆ. ಹಿಂದಿನ ಕನ್ನಡದವರು ಕರುಬು ಎಂದರು. ಆ ಮಾತನ್ನು ಆಡಿದರೆ ಹಲ್ಲು ಕಡಿದ ಹಾಗೆಯೇ ಕೇಳುತ್ತದೆ. ಸಾಹೇಬರ ಉರ್ದುವಿನಲ್ಲಿ ಎರಡು ಬಗೆ: ಅವನಿಗಿದ್ದದ್ದು ನನಗೂ ಬರಲಿ ಎಂದರೆ ರಶ್ಕ್, ಅವನದು ಹಾಳಾಗಿ ಹೋಗಲಿ ಎಂದರೆ ಹಸದ್. ನನ್ನದು ಬೆಳಿಗ್ಗೆ ರಶ್ಕ್ ಆಗಿ ಶುರುವಾಗಿ ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಹಸದ್ ಆಗಿರುತ್ತಿತ್ತು. ಆದರೆ ನಮ್ಮ ಜನ ಹೊಟ್ಟೆಕಿಚ್ಚು ಎಂದಿದ್ದಾರಲ್ಲ, ಅದಕ್ಕಿಂತ ಖರೇ ಮಾತಿಲ್ಲ. ಕಿಚ್ಚು ಒಲೆಯಲ್ಲಿದ್ದರೆ ರೊಟ್ಟಿ ಬೇಯುತ್ತದೆ. ಹೊಟ್ಟೆಯಲ್ಲಿದ್ದರೆ ಇಟ್ಟುಕೊಂಡವನೇ ಬೇಯುತ್ತಾನೆ.

ಅವನು ಶತಮೂರ್ಖನಾಗಿದ್ದರೆ ನನಗೆ ಸುಖವಿತ್ತು. ಹಾಗಿರಲಿಲ್ಲ, ಜಾಣನೇ. ತಪ್ಪು ಮಾಡಿದಾಗಲೂ ಅವನಿಗೆ ಲಾಭವೇ. ಒಂದು ದಿನ ಯಾವುದೋ ಹಳೆಯ ಬಸ್ತಾ ಬಿಚ್ಚಿ ಕೂತವನು ಬೆರಗಾಗಿ ನನ್ನ ಕಡೆ ತಿರುಗಿ, "ಬಸಣ್ಣನೋರೆ, ನಿಮ್ಮ ಕಮಲಾಪುರ ಬಹಳ ಸಿರಿವಂತ ಊರು ಅದ. ಒಂದು ಮದುವಿಗಿ ಎರಡು ಬಂಡಿ ಲಾಲ್ ಬಾಲಿ ಕಳಿಸ್ಯಾರ" ಎಂದ. ಉರ್ದುವಿನಲ್ಲಿ ಬಾಲಿಯೆಂದರೆ ಕಿವಿಯ ಒಡವೆ. ಎರಡು ಬಂಡಿ ಕೆಂಪು ಕಿವಿಯೋಲೆ! ಅವನು ಅದನ್ನು ಯಾದಿಯಲ್ಲಿ ಆಭರಣಗಳ ಕೆಳಗೆ ಬರೆದೂ ಬಿಟ್ಟಿದ್ದ.

ನಾನು ಕಾಗದ ನೋಡಿದೆ. ನಮ್ಮೂರಿನ ಯಾವನೋ ಲೆಕ್ಕಿಗ ಕೆಂಪಿಗೆ ಲಾಲ್ ಎಂದು ಉರ್ದು ಬರೆದು, ಮುಂದಿನ ಮಾತು ಸಿಗದೆ ನಮ್ಮ ಆಡುಮಾತಿನಂತೆ ಬಾಳಿ ಎಂದು ಬರೆದಿದ್ದಾನೆ. ಉರ್ದುವಿಗೆ ನಮ್ಮ ಳಕಾರವಿಲ್ಲ. ಬಾಳಿ ಹೋಗಿ ಬಾಲಿಯಾಗಿದೆ. ಬಂಡಿಯಲ್ಲಿ ಹೋದದ್ದು ಕಮಲಾಪುರದ ಕೆಂಪು ಬಾಳೆಹಣ್ಣು. ನಾನು ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ, ಸಾಹೇಬರಿಗೆ ಕೇಳಲೆಂದು. ಕೇಳಿತು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, "ನಿಮ್ಮೂರಾಗ ಹೆಣ್ಮಕ್ಕಳಿಗಿ ಕಿವಿ ಎಷ್ಟಪ ಬಸಣ್ಣ?" ಎಂದರು. ವೆಂಕಟರಾಯ ತನ್ನ ತಪ್ಪಿಗೆ ತಾನೇ ಅವರಿಗಿಂತ ಹೆಚ್ಚು ನಕ್ಕ. ಮರುದಿನದಿಂದ ದಫ್ತರಖಾನೆಗೆ ಬಂದವರಿಗೆಲ್ಲ ಸಾಹೇಬರು ಅದೇ ಕಥೆ ಹೇಳತೊಡಗಿದರು, ಪ್ರತಿ ಸಲವೂ ಅವನ ಬೆನ್ನು ತಟ್ಟಿ. ಸರಿಯಾಗಿ ಓದಿದವನು ನಾನು. ಕಥೆಯೊಳಗೆ ನನಗೆ ಜಾಗವಿರಲಿಲ್ಲ. ಪ್ರೀತಿಯಿದ್ದಲ್ಲಿ ತಪ್ಪೂ ಮುದ್ದಾಗುತ್ತದೆ, ಇಲ್ಲದಲ್ಲಿ ಒಪ್ಪೂ ಬರಿಯ ಹೂಂ ಆಗುತ್ತದೆ. ನಾನು ಅವತ್ತು ಮನಸ್ಸಿನಲ್ಲಿ ಹಾಕಿದ ಲೆಕ್ಕ ಅದು.

ಅಷ್ಟಕ್ಕೇ ಮುಗಿಯಲಿಲ್ಲ. "ಪಾಪ, ಆ ಹಣ್ಣು ಕಂಡಿಲ್ಲ ಅವ. ಈ ಜುಮ್ಮಾಕ್ಕ ನಿಮ್ಮೂರಿಗಿ ಕರಕೊಂಡು ಹೋಗು" ಎಂದು ಸಾಹೇಬರ ಅಪ್ಪಣೆಯಾಯಿತು. ನಮಗೆ ಶುಕ್ರವಾರವೇ ರಜೆ. ಮಹಾಗಾಂವದ ತೊಗರಿಯ ಹೊಲಗಳನ್ನು ದಾಟಿ, ಹೊಟ್ಟೆಯೊಳಗಿನ ಉರಿಯನ್ನು ಪಕ್ಕದಲ್ಲೇ ಕೂಡಿಸಿಕೊಂಡು ಊರಿಗೆ ಒಯ್ದೆ. ನೀಲವ್ವ ಹೋಳಿಗೆ ಮಾಡಿದ್ದಳು. ಅವನು ನಮ್ಮ ತೋಟದ ಹಣ್ಣು ತಿಂದ, ಇನ್ನೊಂದು ತಿಂದ, ಆಮೇಲೆ ಎರಡು ಹಣ್ಣುಗಳನ್ನು ಎರಡು ಕಿವಿಗೆ ಹಿಡಿದುಕೊಂಡು, "ನೋಡ್ರಿ ಅಕ್ಕಾ, ಸರ್ಕಾರಿ ಕಾಗದದಾಗ ಹಿಂಗೇ ಅದ" ಎಂದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗು ನಿಲ್ಲದೆ ಒಳಗೆ ಹೋದಳು. ಹೋಳಿಗೆಯ ಮೇಲೆ ಅವನಿಗೆ ಬಿದ್ದ ತುಪ್ಪ ನನಗೆ ಬೀಳಲಿಲ್ಲ. ಹೌದು, ನಾನು ನೋಡಿದೆ. ಹೊಟ್ಟೆಕಿಚ್ಚಿನವನ ಕಣ್ಣಿಗೆ ತುಪ್ಪದ ಅಳತೆ ಚೆನ್ನಾಗಿ ತಿಳಿಯುತ್ತದೆ.

ಅವನು ಬಾವಿಯ ಕಡೆ ಹೋದಾಗ ನೀಲವ್ವ ಕೇಳಿದಳು: "ಛಲೋ ಮನಷ್ಯಾ ಅದಾನ. ನೀವ್ಯಾಕ ಮಾರಿ ಗಂಟು ಹಾಕೀರಿ?"

"ಹೈದರಾಬಾದಿನ ಕೆಲಸ ಇವನಿಗೇ ಹೋಗ್ತದ ಅನಸ್ತದ."

"ನಿಮಗ ಬೇಕಿದ್ರ ಸಾಹೇಬ್ರಿಗಿ ಬಾಯಿ ಬಿಟ್ಟು ಕೇಳ್ರಿ. ಅಳದಿದ್ರ ಹೆತ್ತಾಕಿನೂ ಹಾಲು ಕೊಡಂಗಿಲ್ಲ."

"ಇಷ್ಟು ವರ್ಷ ಅವರ ಕೈಯಾಗ ದುಡದೀನಿ. ಕೇಳಿ ತಗೊಂಡ್ರ ಅದಕ್ಕೇನು ಕಿಮ್ಮತ್ತು?"

ಅವಳು ಉಂಡ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ನನಗೆ ಆ ಉತ್ತರ ಬಹಳ ದೊಡ್ಡದಾಗಿ ಕೇಳಿಸಿತ್ತು.

ಆಮೇಲಿನ ದಿನಗಳಲ್ಲಿ ಕಾಗದಗಳನ್ನು ಆರಿಸುತ್ತ ನಾನು ಇದನ್ನೇ ಯೋಚಿಸುತ್ತಿದ್ದೆ. ನಮ್ಮ ಹಲಗೆಗಳ ಮೇಲಿನಿಂದ ಮತ್ಸರವೊಂದನ್ನು ತೆಗೆದು ಹಾಕಿದರೆ ಅರ್ಧ ದಫ್ತರಖಾನೆ ಬರಿದಾಗುತ್ತಿತ್ತು. ಅಣ್ಣನ ಹೊಲದಲ್ಲಿ ತನ್ನದಕ್ಕಿಂತ ಎತ್ತರದ ಜೋಳ ಕಂಡ ತಮ್ಮ, ಮಠದ ಪಂಕ್ತಿಯಲ್ಲಿ ನೆರೆಯವನಿಗೆ ಮೊದಲು ನೀಡಿದರೆಂದು ದೂರು ಬರೆದ ಗೌಡ. ಅವರೆಲ್ಲ ಕಚೇರಿಗೆ ಬಂದು ತಮ್ಮ ಹೊಟ್ಟೆಕಿಚ್ಚನ್ನು ಒದರಿ, ಬರೆಸಿ, ಹೆಬ್ಬೆಟ್ಟು ಒತ್ತಿ ಹಗುರಾಗಿ ಮನೆಗೆ ಹೋದವರು. ನಾನು ಅವರ ಕಾಗದಗಳಿಗೆ ಬೇವಿನೆಲೆ ಇಡುತ್ತ, ನನ್ನದನ್ನು ಮಾತ್ರ ಯಾರಿಗೂ ಕಾಣದಂತೆ ಒಳಗೇ ಬಿಗಿದು ಕಟ್ಟಿಕೊಂಡಿದ್ದೆ. ಸಾಹೇಬರ ಎದುರು ಮುಖದ ಗೆರೆಯೊಂದೂ ಅಲುಗದಂತೆ ನೋಡಿಕೊಂಡೆ. ಅದು ಸಂಯಮವೆಂದು ತಿಳಿದಿದ್ದೆ. ಸ್ವಲ್ಪ ಹೆಮ್ಮೆಯೂ ಇತ್ತು.

ಕೊನೆಗೆ ಒಂದು ದಿನ ವೆಂಕಟರಾಯ ಪೇಢೆ ತಂದ. ಹೆಸರು ಅವನದೇ ಹೋಗಿತ್ತು, ಮಂಜೂರಾಗಿಯೂ ಬಂದಿತ್ತು. ನಾನು ಪೇಢೆ ತಿಂದೆ, ಛಲೋ ಆತು ಎಂದೆ. ಬಸ್ತಾಗಳನ್ನು ಬಂಡಿಗೆ ಏರಿಸುವಾಗ ಅವನು ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು, ಎಲ್ಲಿ ಬಿಗಿಯಬೇಕು ಎಲ್ಲಿ ಸಡಿಲ ಬಿಡಬೇಕು ಎಂದು ನನ್ನನ್ನೇ ಕೇಳುತ್ತಿದ್ದ. ಹೇಳಿಕೊಟ್ಟೆ. ನನ್ನ ಕೈಯಾರೆ ಮಡಿಸಿದ ಕಾಗದಗಳು ಇನ್ನೊಬ್ಬನ ಮಾತು ಕೇಳಿಕೊಂಡು ಸ್ಟೇಶನ್ನಿನ ದಾರಿ ಹಿಡಿದವು. ಒಂದೂ ಮುನಿಯಲಿಲ್ಲ.

ಅವನು ಹೋದ ಮೇಲೆ ದಫ್ತರಖಾನೆಯಲ್ಲಿ ಸಾಹೇಬರೂ ನಾನೂ ಉಳಿದೆವು. ಬರಿದಾದ ಹಲಗೆಗಳ ಮೇಲೆ ಬಸ್ತಾ ಇದ್ದ ಜಾಗಗಳು ಮಾತ್ರ ಧೂಳಿಲ್ಲದೆ ಕಾಣುತ್ತಿದ್ದವು. ಸಾಹೇಬರು ಎಲೆಯಡಿಕೆಯ ಡಬ್ಬಿ ತೆಗೆದರು, ಹಾಗೆಯೇ ಮುಚ್ಚಿದರು.

"ನಿನಗ ಹೋಗೋದಿತ್ತು" ಎಂದರು.

"ಇತ್ತರಿ."

"ಗೊತ್ತಿತ್ತು ನನಗ."

ಆಗ ನನಗೆ ತಡೆಯಲಾಗಲಿಲ್ಲ. "ಗೊತ್ತಿದ್ದೂ ನನ್ನ ಹೆಸರು ಬರೀಲಿಲ್ಲಲ್ರಿ, ಸಾಹೇಬ್ರ" ಎಂದೆ. ಅವರ ಮುಂದೆ ನನ್ನ ದನಿ ಏರಿದ್ದು ಅದೇ ಮೊದಲು.

"ಆ ಹುಡುಗ ಬಂದು ಕೇಳ್ದ. ನೀ ಕೇಳಲಿಲ್ಲ."

ಅರ್ಜಿಯಿಲ್ಲದೆ ಒಂದು ಹಾಳೆಯನ್ನೂ ಹೊರಗೆ ಕೊಡುವ ಪದ್ಧತಿ ನಮ್ಮ ದಫ್ತರಖಾನೆಯಲ್ಲಿ ಇರಲಿಲ್ಲ. ಎದುರಿಗೆ ನಿಂತವನಿಗೆ ಯಾವ ಕಾಗದ ಬೇಕೆಂದು ನಮಗೆ ಗೊತ್ತಿದ್ದರೂ ಅವನೇ ಕೇಳುವವರೆಗೆ ಬಸ್ತಾ ಬಿಚ್ಚುವಂತಿಲ್ಲ. ಆ ಪದ್ಧತಿಯಲ್ಲೇ ಮುದುಕರಾದವರ ಎದುರು, ಅದನ್ನೇ ದಿನಾ ನಡೆಸಿಕೊಂಡು ಬಂದ ನಾನು, ಕೇಳದೆ ಕೊಡಲಿ ಎಂದು ಒಂದು ಬೇಸಗೆಯನ್ನು ಕಳೆದಿದ್ದೆ. ಅದನ್ನೇ ಹೇಳುತ್ತಾರೆಂದು ತಲೆ ತಗ್ಗಿಸಿದೆ.

ಅವರು ಹೇಳಿದ್ದು ಬೇರೆ. "ಕೇಳಿದ್ರ ನಾ ಇಲ್ಲ ಅಂತಿದ್ದಿಲ್ಲ ಬಸಣ್ಣ. ಇಲ್ಲ ಅನ್ಲಾಕ ನನಗ ಬಾಯಿ ಎಲ್ಲಿತ್ತು? ನೀ ಕೇಳಬಾರ್ದು ಅಂತ ದಿನಾ ದುವಾ ಮಾಡ್ತಿದ್ದೆ. ಬಸ್ತಾನೂ ಹೋಗಿ, ನೀನೂ ಹೋದ್ರ, ಇಲ್ಲಿ ನಾ ಒಬ್ಬಾವ ಕುಂತು ಏನು ಮಾಡ್ಲಿ?"

ಗೆಳೆಯ, ಇಷ್ಟು ವರ್ಷ ಒಂದು ಹೂಂಗೆ ಹಸಿದವನಿಗೆ ಆ ಮಾತು ಎಷ್ಟು ರುಚಿಸಿರಬೇಕು ಎಂದು ನೀನು ತಿಳಿಯಬಹುದು. ರುಚಿಸಿತು. ಅದೇ ಗಳಿಗೆಯಲ್ಲಿ ಅವರ ಮೇಲೆ ಸಿಟ್ಟೂ ಬಂತು. ನನ್ನ ಮೌನವನ್ನು ನೋಡುತ್ತ ನೋಡುತ್ತ ತಮ್ಮ ಜೋಳಿಗೆಗೆ ಹಾಕಿಕೊಂಡಿದ್ದರು ಈ ಮುದುಕರು. ಅವನಿಗೆ ಕೆಲಸ ಸಿಕ್ಕಿತು, ನನಗೆ ಸಾಹೇಬರು ಸಿಕ್ಕರು ಎಂದು ತೂಗಿ ಸಮಾಧಾನ ಮಾಡಿಕೊಂಡೆನೆಂದರೆ ಸುಳ್ಳಾದೀತು. ಎರಡೂ ಬೇಕಾಗಿದ್ದವು ನನಗೆ.

ಅಷ್ಟರಲ್ಲಿ ಸ್ಟೇಶನ್ನಿನ ಕಡೆಯಿಂದ ರೈಲಿನ ಸೀಟಿ ಕೇಳಿತು. ಇಬ್ಬರೂ ಕಿವಿಗೊಟ್ಟೆವು. ಅದು ಮತ್ತೊಮ್ಮೆ ಕೂಗಿ ವಾಡಿಯ ದಿಕ್ಕಿಗೆ ದೂರವಾಗುತ್ತ ಹೋಯಿತು.

"ಉರೀತದೇನು?" ಎಂದರು ಸಾಹೇಬರು, ನನ್ನ ಕಡೆ ನೋಡದೆ.

"ಉರೀತದ್ರಿ."

"ಹಳೀ ಬಸ್ತಾ ಎಲ್ಲಾ ಅವನ ಕೈಯಾಗ ಹೋದ್ವು" ಎಂದರು. ಬರಿಯ ಹಲಗೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನನಗೂ ಉರೀತದ" ಎಂದರು.