ಜಾಜು ಹಚ್ಚಿದ ಕುರಿ, ಸಲಹೆ ಕೊಡುವ ಸಮಿತಿ

ಸಲಹಾ ಸಮಿತಿಯವರು ಎನ್ನುವ ಮಾತು ರಂಗಕ್ಕನ ಕಿವಿಗೆ ಮೊದಲು ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ, ಅವಳು ಜಗಲಿಯ ಮೇಲೆ ಹೊಲಿಗೆ ಮಿಷನ್ನಿನ ಮುಂದೆ ಕೂತು ಯಾರದ್ದೋ ಲಂಗಕ್ಕೆ ಲಾಡಿ ಪೋಣಿಸುತ್ತಿದ್ದಾಗ. ಗ್ರಾಮ ಸಚಿವಾಲಯ ಎನ್ನುವ ಊರಿನ ಸರ್ಕಾರಿ ಕಚೇರಿಯಲ್ಲಿ ದನಕರು ನೋಡಿಕೊಳ್ಳುವ ಸಹಾಯಕಿ ಸುಮಾ ಸ್ಕೂಟಿ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಕೂಗಿದಳು.

"ರಂಗಜ್ಜೀ, ರಾಮಾಂಜಿನಮ್ಮ ಎಲ್ಲವ್ರೆ? ಬುಧವಾರ ಸಲಹಾ ಸಮಿತಿಯೋರು ಬತ್ತಾರಂತೆ, ಅವರ ಕುರಿ ನೋಡಾಕೆ."

"ಯಾವ ಸಮಿತಿನವ್ವ ಅದು?"

"ಈ ಎಐ ಅಂತಾರಲ್ಲ, ತಾನೇ ಯೋಚ್ನೆ ಮಾಡಿ ಹೇಳೋ ಕಂಪ್ಯೂಟ್ರು. ಸರ್ಕಾರ ಅದನ್ನ ಎಲ್ಲೆಲ್ಲಿ ಇಟ್ಕಂಡೈತೋ ಅಲ್ಲೆಲ್ಲ ಸರಿಯಾಗಿ ನಡೀತೈತಾ ಇಲ್ವಾ ಅಂತ ನೋಡಾಕೆ ಒಂದು ಸಮಿತಿ ಮಾಡವ್ರೆ."

"ಹಂಗಾದ್ರ ಕುರಿ ಮ್ಯಾಲಿನ ಕೆಂಪು ಗುರ್ತು ತೆಗೀತಾರೇನು?"

"ಅವರು ತೆಗ್ಯಾಕಾಗಲ್ಲ ಕಣಜ್ಜಿ. ತೆಗೀರಿ ಅಂತ ಸಲಹೆ ಕೊಡ್ತಾರೆ, ಅಷ್ಟೇ."

"ಸಲಹಾ ಕೊಡಾಕ ಜೀಪಿನ್ಯಾಗ ಬರ್ತಾರ? ನಮ್ಮ ಅರಳಿಕಟ್ಟಿ ಮ್ಯಾಲ ಕುಂತೋರು ಪುಕ್ಕಟೆ ಕೊಡ್ತಾರಲ್ಲವ್ವ!"

ಸುಮಾ ನಗುತ್ತಾ ಹೋದಳು. ರಂಗಕ್ಕನಿಗೆ ಮಾತ್ರ ನಗು ಬರಲಿಲ್ಲ. ಆ ಕೆಂಪು ಗುರುತಿಗೆ ಮೂಲ ಕಾರಣ ಅವಳೇ.

ರಂಗಕ್ಕ ರಾಯದುರ್ಗದವಳು. ಹೊಲಿಯುವವರ ಮನೆಯಲ್ಲಿ ಹುಟ್ಟಿ, ಐವತ್ತು ವರ್ಷದ ಹಿಂದೆ ಅಮರಾಪುರದ ಪಕ್ಕದ, ಆಂಧ್ರಕ್ಕೆ ಸೇರಿದರೂ ಕನ್ನಡ ಆಡುವ ಈ ಹಳ್ಳಿಗೆ ಸೊಸೆಯಾಗಿ ಬಂದವಳು. ಬರುವಾಗ ಒಂದು ಹೊಲಿಗೆ ಮಿಷನ್ನು ತಂದಳು, ಅದರ ಜೊತೆ ಬಳ್ಳಾರಿ ಕಡೆಯ ಮಾತನ್ನೂ ತಂದಳು. ಗಂಡ ಹೋದ, ಮಿಷನ್ನು ಮೂರು ಸಲ ಬದಲಾಯಿತು, ಮಾತು ಮಾತ್ರ ಹಾಗೇ ಉಳಿಯಿತು. ಓದಿದ್ದು ಮೂರನೇ ಕ್ಲಾಸು. ಕುರಿ ಕಂಡರೆ ಹೆದರಿಕೆ. ಮದುವೆಯಾದ ಹೊಸದರಲ್ಲಿ ಒಂದು ಟಗರು ಅವಳನ್ನು ಗುದ್ದಿ ಕೆಡವಿ, ಕಂಕುಳಲ್ಲಿದ್ದ ಅರ್ಧ ಹೊಲಿದ ರವಿಕೆಯನ್ನು ತಿಂದುಹಾಕಿತ್ತು. ಅಂದಿನಿಂದ ಕುರಿಗೂ ಅವಳಿಗೂ ನಡುವೆ ಯಾವಾಗಲೂ ಒಂದು ಗೋಡೆ ಇರಬೇಕಿತ್ತು.

ಆ ಗೋಡೆಯ ಆಚೆ ಇದ್ದವಳೇ ರಾಮಾಂಜಿನಮ್ಮ. ಪಕ್ಕದ ಮನೆ. ಹೇಮಾವತಿಯ ಹುಡುಗಿ, ಸಿದ್ಧೇಶ್ವರನ ಗುಡಿಯ ಕಲ್ಲುಬಸವನ ಬೆನ್ನ ಮೇಲೆ ಕೂತು ಬೆಳೆದವಳು. ತವರಿನಿಂದ ಐದು ಮರಿ ಹೊಡೆದುಕೊಂಡು ಬಂದಳಂತೆ, ಈಗ ಮಂದೆ ನಲವತ್ತು ದಾಟಿತ್ತು. ನಲವತ್ತು ಎಂದು ಹೇಳಿದವರು ಬೇರೆಯವರು. ಅವಳು ಎಣಿಸಿದವಳೇ ಅಲ್ಲ. ಸಾಯಂಕಾಲ ಮಂದೆ ಹಟ್ಟಿಗೆ ಬಂದರೆ ಒಂದು ಸಲ ಕಣ್ಣಾಡಿಸುವಳು. "ಎಲ್ಲಾ ಅವೆ" ಎನ್ನುವಳು. ಇಲ್ಲದಿದ್ದರೆ "ಗೊಣಗಿ ಬಂದಿಲ್ಲ" ಎಂದು ಕೋಲು ಹಿಡಿದು ಹೊರಡುವಳು. ಪ್ರತಿಯೊಂದಕ್ಕೂ ಹೆಸರಿತ್ತು. ಒಂದು ದೊಡ್ಡ ಟಗರಿಗೆ ತಾಸೀಲ್ದಾರ ಎಂದು ಹೆಸರು. ಯಾಕೆಂದು ಕೇಳಿದರೆ, "ಎಷ್ಟು ಕೂಗಿದ್ರೂ ಬರಲ್ಲ, ಅದಕ್ಕೆ" ಎನ್ನುವಳು. ಗಂಡ ತೀರಿಕೊಂಡ ಮೇಲೂ ಮಂದೆ ಮಾರಲಿಲ್ಲ. ಪ್ರತಿ ವರ್ಷ ಸಂಕ್ರಾಂತಿ ಕಳೆಯುತ್ತಲೇ ಊರ ಮಂದೆಗಳ ಜೊತೆ ಬೊಮ್ಮನಹಾಳಿನ ಕಡೆ ಹೊರಡುವಳು. ಅಲ್ಲಿ ಕಾಲುವೆ ನೀರಿನ ಭತ್ತ ಕೊಯ್ದಿರುತ್ತದೆ. ಗದ್ದೆಯಲ್ಲಿ ಕುರಿ ಮಲಗಿಸಿದರೆ ಹೊಲದವರಿಗೆ ಗೊಬ್ಬರ, ಕುರಿಗಳಿಗೆ ಮೇವು. ಇಲ್ಲಿಯ ಬೆಟ್ಟದಲ್ಲಿ ಆಗ ಒಂದು ಹಸಿರು ಕಡ್ಡಿಯೂ ಇರುವುದಿಲ್ಲ.

ಆ ವರ್ಷ ಒಂದು ಹೊಸ ಕಾನೂನು ಬಂತು. ಮಂದೆ ಮಂಡಲ, ಎಂದರೆ ಹೋಬಳಿಯಷ್ಟು ಸೀಮೆ, ದಾಟಬೇಕಾದರೆ ಆರೋಗ್ಯದ ಚೀಟಿ ಬೇಕು. ಚೀಟಿ ಕೊಡುವುದು ಫೋನು. ಸುಮಾ ಪ್ರತಿ ಕುರಿಯ ಫೋಟೋ ಹಿಡಿಯಬೇಕು, ರೋಗ ಇದೆಯೋ ಇಲ್ಲವೋ ಎಂದು ಅದರೊಳಗಿನ ಎಐ ಹೇಳಬೇಕು.

ದೀಪಾವಳಿ ಕಳೆದು ನಾಲ್ಕು ದಿನಕ್ಕೆ ಫೋಟೋ ಎಂದು ಗೊತ್ತಾದಾಗ ರಂಗಕ್ಕ ಗೋಡೆಯ ಮೇಲಿಂದ ಇಣುಕಿ ಹೇಳಿದ್ದಳು: "ಸರ್ಕಾರದ ಫೋಟೋ ಐತೆ ಅಂತಿ, ಹಿಂಗ ಧೂಳು ಮೆತ್ಕೊಂಡು ನಿಲ್ಲಸ್ತೀಯೇನ? ಚಂದ ಕಾಣಬೇಕವ್ವ. ಹಬ್ಬಕ್ಕ ಹಚ್ಚಿದಂಗ ಜಾಜು ಹಚ್ಚು." ಜಾಜು ಎಂದರೆ ಗೋಡೆಯ ಅಂಚಿಗೆ ಬಳಿಯುವ ಕೆಂಪು ಮಣ್ಣು. ಹಬ್ಬದಲ್ಲಿ ಕುರಿಗಳ ಮೈ ತೊಳೆದು, ಜಾಜು ಅರಿಶಿನ ಕಲಸಿ ಮುಖಕ್ಕೆ ಬೆನ್ನಿಗೆ ಬೊಟ್ಟು ಇಡುವುದು ಆ ಮನೆಯ ಪದ್ಧತಿ. ರಂಗಕ್ಕ ತಾನೇ ಒಂದು ಬೋಸಿ ತುಂಬ ಜಾಜು ಕಲಸಿ ಗೋಡೆಯ ಮೇಲಿಟ್ಟಳು. ರಾಮಾಂಜಿನಮ್ಮ ಇಡೀ ಮಂದೆಗೆ ಮದುವಣಗಿತ್ತಿಯರಂತೆ ಅಲಂಕಾರ ಮಾಡಿದಳು.

ಫೋನು ನೋಡಿತು. ಒಂದೊಂದಕ್ಕೂ ಒಂದೇ ಮಾತು: ಸಿಡುಬು ಶಂಕೆ, ಮಂದೆಯಿಂದ ಬೇರ್ಪಡಿಸಿ. ಲಿಸ್ಟಿನಲ್ಲಿ ಎಲ್ಲಕ್ಕೂ ಕೆಂಪು ಗುರುತು ಬಿತ್ತು. ಸುಮಾ ಮೈ ಮುಟ್ಟಿ ನೋಡಿದಳು, ಬಾಯಿ ಬಿಡಿಸಿ ನೋಡಿದಳು. ಕುರಿಗಳು ಗಟ್ಟಿಮುಟ್ಟಾಗಿದ್ದವು. ಮೈ ತೊಳೆದು ಇನ್ನೊಂದು ಫೋಟೋ ಹಿಡಿಯೋಣವೆಂದರೆ ಆ್ಯಪು ಒಪ್ಪಲಿಲ್ಲ. ಒಮ್ಮೆ ಕೆಂಪು ಬಿದ್ದ ಮೇಲೆ ಬೀಗ.

ಊರಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಕೆರೆಯ ಬಳಿ ದೊಡ್ಡರಂಗಪ್ಪ, ಅವನದೂ ಒಂದು ಮಂದೆ, ಕೋಲು ಅಡ್ಡ ಹಿಡಿದು ನಿಂತ.

"ಏನವ್ವ, ನಿನ್ನ ಕುರಿಗೆ ಅಮ್ಮ ಬಂದೈತಂತೆ. ಬೇವಿನಸೊಪ್ಪು ಕಟ್ಟಿದ್ಯಾ?"

"ಕಟ್ಟಿವ್ನಿ. ಮಿಕ್ಕೈತೆ, ನಿನ್ನ ಬಾಯಿಗೂ ಒಂದು ಕಟ್ಲಾ?"

ಮಾತಿನಲ್ಲಿ ರಾಮಾಂಜಿನಮ್ಮ ಗೆದ್ದಳು, ಆದರೆ ಅವನು ಅವಳ ಮಂದೆಯನ್ನು ಕೆರೆ ನೀರಿಗೆ ಬಿಡಲಿಲ್ಲ. ಅವಳು ಬಾವಿಯಿಂದ ಸೇದಿ ಸೇದಿ ಹುಯ್ದಳು. ಸಂಕ್ರಾಂತಿಯ ಹೊತ್ತಿಗೆ ಚೀಟಿ ಸಿಗದಿದ್ದರೆ ಬೊಮ್ಮನಹಾಳು ಇಲ್ಲ. ಬೊಮ್ಮನಹಾಳು ಇಲ್ಲದಿದ್ದರೆ ಬೇಸಿಗೆಗೆ ಮಂದೆಯೇ ಇಲ್ಲ. ರಂಗಕ್ಕ ಗೋಡೆಯ ಈಚೆ ಕೂತು ಆ ರಾಟೆಯ ಸದ್ದು ಕೇಳುತ್ತಿದ್ದಳು. ಒಂದು ದಿನವಾದರೂ ರಾಮಾಂಜಿನಮ್ಮ "ನಿನ್ನಿಂದ ಹಿಂಗಾಯ್ತು" ಎನ್ನಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಹೀಗಿರುವಾಗಲೇ ಸುಮಾ ತಾನೇ ಎಲ್ಲೋ ಬರೆದು ಹಾಕಿದ್ದ ಅರ್ಜಿಗೆ ಸಮಿತಿಯವರು ಬಂದದ್ದು.

ಬುಧವಾರ ಇಸ್ಕೂಲಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿದರು. ಸಮಿತಿಯ ಹಿರಿಯರು ವೆಂಕಟರಾಮಪ್ಪನವರು, ಕಾಲೇಜಿನಲ್ಲಿ ವಿಜ್ಞಾನ ಹೇಳಿ ರಿಟೈರ್ ಆದವರು. ಜೊತೆಗೆ ಆ್ಯಪು ಮಾಡಿದ ಕಂಪನಿಯ ಒಬ್ಬ ಇಂಜಿನಿಯರು, ಬಿಳಿ ಬೂಟು. ಊರೆಲ್ಲ ನೆರೆದಿತ್ತು. ರಂಗಕ್ಕ ಕುರಿಗಳಿಗೆ ದೂರವಾಗಿ, ಮಾತಿಗೆ ಹತ್ತಿರವಾಗಿ ಒಂದು ಜಾಗ ಹಿಡಿದಳು.

ಇಂಜಿನಿಯರು ತೆಲುಗಿನಲ್ಲಿ ವಿವರಿಸಿದ. ಈ ಎಐ ನೂರಕ್ಕೆ ತೊಂಬತ್ತನಾಲ್ಕು ಸಲ ಸರಿಯಾಗಿ ಹೇಳುತ್ತದಂತೆ.

"ಮಿಕ್ಕ ಆರು ಯಾರ್ದು ಸ್ವಾಮಿ? ಎಲ್ಲಾ ನಂದೇನಾ?" ಎಂದಳು ರಾಮಾಂಜಿನಮ್ಮ.

ಇಂಜಿನಿಯರು ಕೆಮ್ಮಿದ. "ಕುರಿಗೆ ಬಣ್ಣ ಹಚ್ಚಬಹುದು ಅಂತ ನಮಗೆ ಗೊತ್ತಿರಲಿಲ್ಲಮ್ಮ. ನಿಮಗೆ ಹಚ್ಚೋಕೆ ಹೇಳಿದ್ದು ಯಾರು?"

ರಂಗಕ್ಕ ಮುಂದೆ ನಿಂತವರ ಬೆನ್ನ ಮರೆಗೆ ಸರಿದಳು.

"ಯಾರೇಳ್ಬೇಕು? ನಾನೇ ಹಚ್ಚಿದ್ದು" ಎಂದುಬಿಟ್ಟಳು ರಾಮಾಂಜಿನಮ್ಮ, ಈ ಕಡೆ ತಿರುಗಿಯೂ ನೋಡದೆ. ಆಮೇಲೆ ಸೆರಗಿನ ಮರೆಯಿಂದ ಅದೇ ಬೋಸಿ ತೆಗೆದಳು. "ಸ್ವಾಮಿ, ತಪ್ಪು ತಿಳ್ಕಬೇಡಿ. ಸ್ವಲ್ಪ ಕೈ ಕೊಡಿ."

ವೆಂಕಟರಾಮಪ್ಪನವರು ಅಂಗಿಯ ತೋಳು ಮಡಚಿ ಕೈ ನೀಡಿದರು. ಅವಳು ಮೊಣಕೈವರೆಗೆ ಏಳೆಂಟು ಬೊಟ್ಟು ಇಟ್ಟಳು. "ಹಿಡ್ಯಮ್ಮ ಸುಮಾ ಫೋಟೋನ. ಹೊಸ ಕುರಿ ಅಂತ ಬರ್ಕ."

ಸುಮಾ ಹಿಡಿದಳು. ಫೋನು ಒಂದು ಸುತ್ತು ತಿರುಗಿ ಟಣ್ ಎಂದಿತು: ಸಿಡುಬು ಶಂಕೆ, ಮಂದೆಯಿಂದ ಬೇರ್ಪಡಿಸಿ.

ನಗು ಎದ್ದದ್ದು ಕೆರೆ ಏರಿಯವರೆಗೆ ಕೇಳಿರಬೇಕು. ದೊಡ್ಡರಂಗಪ್ಪನೇ ಮೊದಲು ಕೂಗಿದ: "ಸಾರ್, ನೀವು ಬೊಮ್ಮನಹಾಳಿಗೆ ಹೋಗಂಗಿಲ್ಲ!"

ವೆಂಕಟರಾಮಪ್ಪನವರೂ ನಕ್ಕರು. ನಕ್ಕು ಮುಗಿದ ಮೇಲೆ ಸುಮಾಳನ್ನು ಕೇಳಿದರು: "ಅವತ್ತು ನಿನ್ನ ಕಣ್ಣಿಗೆ ಏನು ಕಾಣಿಸ್ತಮ್ಮ?"

"ಕುರಿಗೆ ಏನೂ ಆಗಿರಲಿಲ್ಲ ಸಾರ್. ಆದ್ರೆ ಅದನ್ನ ಬರೆಯೋಕೆ ಫೋನಲ್ಲಿ ಜಾಗನೇ ಇಲ್ಲ."

ಅವರು ಪೆನ್ನು ತೆಗೆದು ಬಹಳ ಹೊತ್ತು ಬರೆದರು. ಕೈಯಿಂದ ಮುಟ್ಟಿ ನೋಡಿದವರ ಮಾತೇ ಕೊನೆಯ ಮಾತಾಗಬೇಕು. ಮೆಷಿನ್ನು ತಪ್ಪು ಹೇಳಿದರೆ ಯಾರನ್ನು ಕೇಳಬೇಕೆಂದು ಅವರ ಹೆಸರು ಚೀಟಿಯ ಮೇಲೇ ಇರಬೇಕು. ಹೀಗೆ ಮೇಲಿನವರಿಗೆ ಸಲಹೆ ಕಳಿಸುತ್ತೇವೆ, ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು ಎಂದರು.

"ಅಂದ್ರೆ ನೀವು ಅತ್ತೆ ಅಲ್ಲ, ಅತ್ತಿಗೆ ಇದ್ದಂಗೆ" ಎಂದಳು ರಾಮಾಂಜಿನಮ್ಮ. "ಹೇಳಬೌದು, ಮಾಡಿಸಾಕಾಗಲ್ಲ."

"ಸರಿಯಾಗಿ ಹೇಳಿದಿರಿ."

"ಅತ್ತಿಗೆ ದಿನಾ ಹೇಳ್ತಿದ್ರೆ ಮನೇಲಿ ಕೆಲ್ಸ ಆಗ್ತೈತೆ ಸ್ವಾಮಿ. ಒಂದಿನ ಹೇಳಿ ಸುಮ್ಕಾದ್ರೆ ಆಗಲ್ಲ. ನೀವು ಮರೀದಂಗೆ ನಾನು ನೋಡ್ಕತೀನಿ."

ನೋಡಿಕೊಂಡಳು. ಪ್ರತಿ ಗುರುವಾರ ರಂಗಕ್ಕನ ಮುಂದೆ ಒಂದು ಕಾರ್ಡು ಬಂದು ಬೀಳುತ್ತಿತ್ತು. ರಂಗಕ್ಕ ಮಿಷನ್ನಿನ ಹಲಗೆಯ ಮೇಲೇ ಇಟ್ಟುಕೊಂಡು, ಒಂದೊಂದು ಅಕ್ಷರಕ್ಕೂ ನಾಲಿಗೆ ಹೊರಚಾಚಿ ಬರೆಯುವಳು: ಮಹಾಸ್ವಾಮಿಗಳಿಗೆ, ಕುರಿಗಳು ಕ್ಷೇಮ. ನಿಮ್ಮ ಸಲಹೆ ಏನಾಯಿತು? ಇಂತಿ ರಾಮಾಂಜಿನಮ್ಮ, ಬರೆದವಳು ರಂಗಕ್ಕ. ಮೂರನೇ ಕಾರ್ಡಿಗೆ ಉತ್ತರ ಬಂತು, ಪರಿಶೀಲನೆಯಲ್ಲಿದೆ ಎಂದು. "ಹಂಗಂದ್ರೇನೇ?" ಎಂದಳು ರಾಮಾಂಜಿನಮ್ಮ. "ಒಲಿ ಮ್ಯಾಲ ಇಟ್ಟಾರ, ಬೆಂಕಿ ಹಚ್ಚಿಲ್ಲ ಅಂತ" ಎಂದಳು ರಂಗಕ್ಕ. ಆರನೆಯ ಕಾರ್ಡಿನಲ್ಲಿ ರಾಮಾಂಜಿನಮ್ಮ ಹೇಳಿದ್ದನ್ನೆಲ್ಲ ರಂಗಕ್ಕ ಬರೆದು, ಕೆಳಗೆ ಉಳಿದಿದ್ದ ಬೆರಳಗಲ ಜಾಗದಲ್ಲಿ, ಅವಳು ಹೇಳದ ಒಂದು ಸಾಲನ್ನೂ ಸೇರಿಸಿದಳು: ಜಾಜು ಹಚ್ಚು ಎಂದವಳು ನಾನು, ಅವಳಲ್ಲ.

ಸಂಕ್ರಾಂತಿ ಬಂತು. ಊರಿನ ಮಂದೆಗಳು ಹೊರಟವು. ದೊಡ್ಡರಂಗಪ್ಪನೂ ಹೋದ. ರಾಮಾಂಜಿನಮ್ಮ ಅಂದು ಹಟ್ಟಿಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು, ಒಂದೂ ತಮಾಷೆ ಮಾಡಲಿಲ್ಲ. ಆ ವಾರ ಕಾರ್ಡು ತರಲೂ ಇಲ್ಲ. ರಂಗಕ್ಕ ತಾನೇ ಬರೆದು ಹಾಕಿದಳು.

ಒಂಬತ್ತನೆಯ ದಿನ ಸುಮಾಳ ಸ್ಕೂಟಿಯ ಹಾರನ್ನು ಬೀದಿಯ ತುದಿಯಿಂದಲೇ ಕೇಳಿಸಿತು. ಫೋನಿನಲ್ಲಿ ಹೊಸ ಜಾಗ ಬಂದಿತ್ತು: ಸಹಾಯಕರು ಸ್ವತಃ ಕಂಡದ್ದು. ಸುಮಾ ಅಲ್ಲೇ ಜಗಲಿಯ ಮೇಲೆ ಕೂತು, ಒಂದೊಂದು ಕುರಿಗೂ ಆರೋಗ್ಯ ಎಂದು ಒತ್ತಿದಳು. ಎಲ್ಲ ಮುಗಿದು ಚೀಟಿ ಬಂದಾಗ ಮಧ್ಯಾಹ್ನ. ರಾಮಾಂಜಿನಮ್ಮ ಬುತ್ತಿಯನ್ನೂ ಕಟ್ಟಿಕೊಳ್ಳಲಿಲ್ಲ. ತಾಸೀಲ್ದಾರನನ್ನು ಮುಂದೆ ಬಿಟ್ಟು ಹೊರಟೇಬಿಟ್ಟಳು. ಅಷ್ಟು ದೂರ ಅವಳೊಬ್ಬಳೇ ಹೊರಟಿದ್ದು ಅದೇ ಮೊದಲು.

ಬೇಸಿಗೆ ಮುಗಿದು ಮಂದೆ ಮರಳಿತು. ಮುಂಗಾರು ಬರುವ ಹೊತ್ತಿಗೆ ರಾಮಾಂಜಿನಮ್ಮನಿಗೆ ವೆಂಕಟರಾಮಪ್ಪನವರ ಕಾಗದ ಬಂತು: ಸಮಿತಿಯಲ್ಲಿ ಓದಿದವರು ಬೇಕಾದಷ್ಟಿದ್ದಾರೆ, ಕೇಳುವವರು ಕಡಿಮೆ. ಜನರ ಕಡೆಯಿಂದ ನೀವು ಸದಸ್ಯೆಯಾಗಬೇಕು. ರಂಗಕ್ಕ ಓದಿ ಹೇಳಿದಾಗ ರಾಮಾಂಜಿನಮ್ಮ ಕೇಳಿದ್ದು ಒಂದೇ ಮಾತು: "ಮೀಟಿಂಗು ಎಷ್ಟೊತ್ತಿಗಂತೆ? ಮರಿಗೆ ಹಾಲು ಕುಡಿಸಿ ಹೋಗ್ಬೇಕಲ್ಲ."

ಮೂರು ವರ್ಷ ಹೋದಳು. ಎರಡು ಬಸ್ಸು ಬದಲಾಯಿಸಿ, ರಾಗಿರೊಟ್ಟಿ ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು, ರಂಗಕ್ಕ ಹೊಲಿದುಕೊಟ್ಟ ಜಿಪ್ಪಿನ ಚೀಲ ಹಿಡಿದು. ಬಂದ ಮೇಲೆ ಗೋಡೆಯ ಮೇಲೆ ಮೊಣಕೈ ಊರಿ ಎಲ್ಲವನ್ನೂ ಹೇಳುವಳು. ಆಸ್ಪತ್ರೆಗೆ ಮಾತಾಡುವ ಫೋನು ಇಡಲು ಹೊರಟಿದ್ದರಂತೆ. ರೋಗಿ ಕೇಳಿದರೆ ಅದು ಉತ್ತರ ಹೇಳುತ್ತದಂತೆ. ಇವಳು ಕನ್ನಡದಲ್ಲಿ "ಸೊಂಟ ಇಡ್ಕಂಡೈತೆ" ಎಂದಳು. ತೆಲುಗು ಮಾತ್ರ ಕಲಿತಿದ್ದ ಅದು ಸುಮ್ಮನಾಯಿತು. "ನಮ್ಮೂರಾಗೂ ಮೂಗ್ರವ್ರೆ, ಅವ್ರು ಕಣ್ಣಲ್ಲಾದ್ರೂ ಏನಾತು ಅಂತ ಕೇಳ್ತಾರೆ ಅಂದೆ ಕಣೆ ರಂಗಕ್ಕ. ಎರಡೂ ಭಾಷೆ ಕಲ್ಸಿ ತಗಂಬರ್ರಿ ಅಂತ ಬರ್ದು ವಾಪಸ್ ಕಳ್ಸಿದ್ರು." ಯಾವ ಮೆಷಿನ್ನು ಬಂದರೂ ಅವಳ ಪ್ರಶ್ನೆ ಒಂದೇ: ಇದು ತಪ್ಪಿದ್ರೆ ನಾನು ಯಾರ ಮನೆ ಬಾಗ್ಲಿಗೆ ಹೋಗ್ಬೇಕು? ಹೆಸರು ಬರೆಯುವವರೆಗೆ ಕುರ್ಚಿಯಿಂದ ಏಳುತ್ತಿರಲಿಲ್ಲವಂತೆ. ಅವರು ಹತ್ತು ಸಲಹೆ ಕೊಟ್ಟರೆ ಮೇಲಿನವರು ನಾಲ್ಕು ಒಪ್ಪುತ್ತಿದ್ದರು. "ನಾಕು ಆತಲ್ಲ" ಎನ್ನುವಳು. "ನಮ್ಮನೆಯೋನು ನನ್ನ ಮಾತು ಒಂದಾದ್ರೂ ಕೇಳಿದ್ನಾ?"

ಹೋದ ಕಾರ್ತೀಕದಲ್ಲಿ ಅವಳಿಗೆ ಉಬ್ಬಸ ಹೆಚ್ಚಾಯಿತು. ಮಡಕಶಿರಾ ಆಸ್ಪತ್ರೆಯಲ್ಲಿ ಮಲಗಿಸಿದರು. ಅಲ್ಲಿಂದ ಅವಳು ಮನೆಗೆ ಬರಲಿಲ್ಲ. ಈಗ ಹಟ್ಟಿಯಲ್ಲಿ ಮಂದೆ ಇದೆ, ಮಗಳು ಅಳಿಯ ಬಂದು ನೋಡಿಕೊಳ್ಳುತ್ತಾರೆ. ಗೋಡೆಯ ಮೇಲೆ ಮೊಣಕೈ ಊರುವವರು ಇಲ್ಲ.

ಅವಳು ತೀರಿಹೋಗುವುದಕ್ಕೆ ಮೂರು ದಿನ ಮುಂಚೆ ರಂಗಕ್ಕ ಗಂಜಿ ತೆಗೆದುಕೊಂಡು ಹೋಗಿದ್ದಳು. ರಾಮಾಂಜಿನಮ್ಮ ದಿಂಬಿಗೆ ಒರಗಿ ಕೂತು ಅವಳಿಗೇ ಕಾಯುತ್ತಿದ್ದಳು.

"ರಂಗಕ್ಕ, ಗುರುವಾರ ಕುರಿ ಆ್ಯಪಿಂದು ಹೊಸದು ತರ್ತಾರಂತೆ, ನಮ್ಮೂರಿಗೇ ಮೊದ್ಲು. ಎಲ್ಲಾ ಸರಿ ಮಾಡೀವಿ, ಜಾಜು ಬೇರೆ ಸಿಡುಬು ಬೇರೆ ಅಂತ ಕಲ್ಸೀವಿ ಅಂತ ಆ ಬಿಳೀ ಬೂಟಿನೋನು ಹೇಳ್ತಾನೆ."

"ಒಳ್ಳೇದಾತಲ್ಲವ್ವ."

"ಅವ್ನೇಳಿದ್ರೆ ಆತಾ? ನಾನು ಮಲಗಿವ್ನಿ. ನಿಜಾನೋ ಸುಳ್ಳೋ ಯಾರು ನೋಡ್ತಾರೆ?" ಅವಳು ರಂಗಕ್ಕನ ಕೈ ಹಿಡಿದುಕೊಂಡಳು. "ಬುಧವಾರ ಸಂಜೆ ನೀನು ಗೋಡೆ ದಾಟು."

"ನಾನಾ? ಕುರಿ ಹತ್ರ? ಯವ್ವಾ, ನನ್ನ ಕೈಲೆ ಆಗಂಗಿಲ್ಲ!"

"ಆಗ್ತೈತೆ. ಒಂದು ಬೋಸಿ ಜಾಜು ಕಲಸ್ಕ. ತಾಸೀಲ್ದಾರನ್ನ ಮಗಳು ಹಿಡ್ಕಂತಾಳೆ, ನೀನು ಹೆದರ್ಬೇಡ. ಅವತ್ತು ಹೆಂಗಚ್ಚಿದ್ವೋ ಅಂಗೇ ಹಚ್ಚು, ದೊಡ್ಡ ದೊಡ್ಡ ಬೊಟ್ಟು. ಸುಮಾಗೂ ಹೇಳ್ಬೇಡ."