ತೊಟ್ಟಿಲಿಗೆ ಕರೆದವರು

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಂಬುವವಳು ನಾನಲ್ಲ. ಹಿಮಾಯತ್‌ನಗರದ ಶಾಲೆಯೊಂದರಲ್ಲಿ ಬಹಳ ವರ್ಷಗಳಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಸತ್ತವರು ಕನಸಿನಲ್ಲಿ ಬಂದು ಮಾತಾಡಿದರು ಎಂದು ಯಾರಾದರೂ ಹೇಳಿದರೆ, ಹಿಂದಿನ ರಾತ್ರಿ ಏನು ಊಟ ಮಾಡಿದ್ದಿರಿ ಎಂದು ಕೇಳುವ ಸ್ವಭಾವ ನನ್ನದು. ಈಗಲೂ ಹಾಗೇ ಕೇಳುತ್ತೇನೆ. ಆದರೆ ನನ್ನ ಮಗಳಿಗೆ ಮೂರೂವರೆ ವರ್ಷವಿದ್ದಾಗ ನಮ್ಮ ಮನೆಯಲ್ಲಿ ನಡೆದದ್ದನ್ನು ಮಾತ್ರ ರಾತ್ರಿಯ ಊಟದ ಮೇಲೆ ಹಾಕಲು ನನ್ನಿಂದಾಗಿಲ್ಲ.

ಮಗಳು ಏಳನೇ ತಿಂಗಳಿಗೇ ಹುಟ್ಟಿದಳು. ಅಂಗೈಯಿಂದ ಮೊಣಕೈವರೆಗೆ ಮಲಗಿಸಬಹುದಾದಷ್ಟೇ ಇದ್ದಳಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ಮೊದಲ ದಿನಗಳಲ್ಲಿ ನಾನು ಅವಳನ್ನು ನೋಡಲೇ ಇಲ್ಲ. ಆಪರೇಷನ್ ಆದ ಮೇಲೆ ನನಗೆ ಸೋಂಕು ತಗಲಿತ್ತು, ಜ್ವರ ಇಳಿಯುತ್ತಿರಲಿಲ್ಲ, ಕೂಸಿದ್ದ ಕೋಣೆಯೊಳಗೆ ನನ್ನನ್ನು ಬಿಡುತ್ತಿರಲಿಲ್ಲ. ಹಾಗಾಗಿ ಅವಳನ್ನು ಎದೆಗೆ ಹಚ್ಚಿಕೊಂಡು ಕೂತವರು ನಮ್ಮ ಅತ್ತೆ, ನನ್ನ ಗಂಡನ ತಾಯಿ. ಮೈಗೆ ಮೈ ತಾಗಿಸಿಕೊಂಡು ಮಾತಾಡುತ್ತಿರಿ, ಈಗ ಮಿದುಳು ಬೆಳೆಯುವ ಹೊತ್ತು, ಮುಂದೆ ಮಾತು ಕಲಿಯುವುದಕ್ಕೂ ಇದೇ ಬುನಾದಿ ಎಂದು ಡಾಕ್ಟರಮ್ಮ ಹೇಳಿದ್ದರು.

ಅತ್ತೆಗೂ ನನಗೂ ಆಗ ಮಾತಿರಲಿಲ್ಲ. ಹೆರಿಗೆಗೆ ವಾರದ ಮುಂಚೆ ಅವರು, "ಬಸುರಿ ಹೆಣ್ಮಗಳು ಸ್ಕೂಟರ್ ಮ್ಯಾಲ ತಿರಗಬ್ಯಾಡ" ಎಂದಿದ್ದರು. "ಇದೆಲ್ಲಾ ನಿಮಗಿಂತ ನನಗ ಹೆಚ್ಚು ಗೊತ್ತೈತ್ರಿ" ಎಂದು ನಾನು ಮುಖಕ್ಕೆ ಹೊಡೆದಂತೆ ಹೇಳಿದ್ದೆ. ಕೂಸು ಬೇಗ ಹುಟ್ಟಿದ್ದಕ್ಕೂ ಸ್ಕೂಟರಿಗೂ ಸಂಬಂಧವಿಲ್ಲ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಅತ್ತೆ ಮಾತ್ರ ಏನೂ ಅನ್ನಲಿಲ್ಲ, ಅದೇ ನನ್ನನ್ನು ಚುಚ್ಚುತ್ತಿತ್ತು.

ಒಂದು ಮಧ್ಯಾಹ್ನ ನರ್ಸ್ ನನ್ನನ್ನು ಗಾಲಿಕುರ್ಚಿಯಲ್ಲಿ ಕೂಡಿಸಿ ಆ ಕೋಣೆಯ ಬಾಗಿಲವರೆಗೆ ತಂದಳು. ಬಾಗಿಲು ಸ್ವಲ್ಪ ತೆರೆದಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು ಕೂಸಿನ ಕಿವಿಯ ಹತ್ತಿರ ಹೇಳುತ್ತಿದ್ದರು: "ಗಂಗವ್ವಾ, ನಮ್ಮ ಕೂಸಿನ ತೊಟ್ಟಲೈತಿ, ಬಾರವ್ವಾ. ಶಾಂತಕ್ಕಾ, ನೀನೂ ಬಾ. ಮೆಹಬೂಬಿ, ನೀನೂ ಬಾ." ಅವರ ತವರು ಸೇಡಂ ಕಡೆಯ ಒಂದು ಹಳ್ಳಿ. ಅಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಕುಂಕುಮದ ಬಟ್ಟಲು ಹಿಡಿದು ಓಣಿಯ ಮನೆಮನೆಗೂ ಹೋಗಿ, ಹೊಸ್ತಿಲಲ್ಲಿ ನಿಂತು, ಹೆಸರು ಹಿಡಿದು ಕರೆಯಬೇಕು. ಒಂದು ಮನೆ ಬಿಟ್ಟರೂ ಆ ಮನೆಯವರ ಜೊತೆ ಜಗಳವಿದೆ ಎಂದೇ ಲೆಕ್ಕ. ನಮ್ಮ ಕೂಸಿಗೆ ತೊಟ್ಟಿಲು ಯಾವಾಗಲೋ ಏನೋ, ಅತ್ತೆ ಕೂತಲ್ಲೇ ತಮ್ಮ ಬಾಲ್ಯದ ಓಣಿಯನ್ನು ಕರೆಯುತ್ತಿದ್ದರು. ಕೂಸು ಉಸಿರಿಗೆ ಒದ್ದಾಡುತ್ತಿದೆ, ಇವರು ಊರು ಸುತ್ತುತ್ತಿದ್ದಾರಲ್ಲ ಎಂದು ನನಗೆ ಸಿಟ್ಟು ಬಂತು. ಮೂರು ಹೆಸರು ಕೇಳುವಷ್ಟರಲ್ಲಿ ನರ್ಸ್ ಕುರ್ಚಿ ತಿರುಗಿಸಿದಳು. ಅಜ್ಜಿ ದಿನಾ ಇದನ್ನೇ ಹೇಳುತ್ತಾರೆ ಎಂದು ನಕ್ಕಳು.

ಮಗಳು ಮನೆಗೆ ಬರಲು ನಾಲ್ಕು ದಿನವಿದೆ ಎನ್ನುವಾಗ ಅತ್ತೆ ಎದೆನೋವು ಎಂದು ಮಲಗಿದವರು ಏಳಲಿಲ್ಲ. ಸೂತಕದ ಮನೆಗೇ ಕೂಸು ಬಂತು, ತೊಟ್ಟಿಲ ಕಾರ್ಯ ಆಗಲೇ ಇಲ್ಲ. ಅದಕ್ಕೆಂದು ಅತ್ತೆ ಬೇಗಂ ಬಜಾರಿನಲ್ಲಿ ಹುಡುಕಿ ತಂದಿದ್ದ ಹಿತ್ತಾಳೆಯ ಕುಂಕುಮದ ಬಟ್ಟಲು ಕಪಾಟು ಸೇರಿತು. ನಮ್ಮ ಜಗಳವೂ ಹಾಗೇ ಉಳಿಯಿತು.

ಮಗಳು ನಡೆದಳು, ನಕ್ಕಳು, ಕರೆದರೆ ತಿರುಗಿ ನೋಡುತ್ತಿದ್ದಳು. ಮಾತು ಮಾತ್ರ ಬರಲಿಲ್ಲ. ಎರಡು ದಾಟಿತು, ಮೂರು ದಾಟಿತು. ಬೇಗ ಹುಟ್ಟಿದ ಕೆಲವು ಮಕ್ಕಳಿಗೆ ಮಾತು ತಡವಾಗುತ್ತದೆ, ಕಾಯೋಣ ಎಂದರು ಡಾಕ್ಟರಮ್ಮ. ಮನೆಯಲ್ಲಿ ಕನ್ನಡ, ಹೊರಗೆಲ್ಲ ತೆಲುಗು ಆದರೆ ಮಗು ಗಲಿಬಿಲಿಗೊಳ್ಳುತ್ತದೆ ಎಂದು ನೆಂಟರು ಹೇಳಿದರು, ಓದಿದವರಾದ ನಾವೂ ಅದನ್ನು ನಂಬಿ ಕನ್ನಡ ಬಿಟ್ಟು ಬರೀ ತೆಲುಗು ಶುರುಮಾಡಿದೆವು. ಜಗಳವಾಡುವಾಗ ಮಾತ್ರ ಕನ್ನಡ ತಾನಾಗಿ ಬರುತ್ತಿತ್ತು. ಬೇರೆ ಮಕ್ಕಳು ಅಮ್ಮಾ ಎಂದು ಕೂಗುವುದು ಕೇಳಿದರೆ ನಾನು ಅಡಿಗೆಮನೆಗೆ ಹೋಗಿ ಅಳುತ್ತಿದ್ದೆ.

ಆ ದಿನ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಕಪಾಟು ಒರೆಸಲೆಂದು ಸಾಮಾನೆಲ್ಲ ಕೆಳಗಿಟ್ಟಿದ್ದೆ. ಮಗಳು ಅತ್ತೆಯ ಆ ಖಾಲಿ ಕುಂಕುಮದ ಬಟ್ಟಲು ತೆಗೆದುಕೊಂಡು ಸೀದಾ ದಿವಾನದ ಹತ್ತಿರ ಹೋದಳು. ಗೋಡೆಗೆ ಒರಗಿಸಿದ್ದ ಮೊದಲ ಲೋಡುದಿಂಬಿನ ಮುಂದೆ ನಿಂತು, ಸ್ಪಷ್ಟವಾಗಿ, "ಗಂಗವ್ವಾ, ಬಾ" ಎಂದಳು. ಮುಂದಿನ ಲೋಡಿಗೆ ಶಾಂತಕ್ಕಾ, ಅದರ ಮುಂದಿನದಕ್ಕೆ ಮೆಹಬೂಬಿ. ಆಮೇಲೆ ಕುರ್ಚಿಗಳ ಕಡೆ ಹೊರಳಿ, ನೀಲವ್ವಾ, ಬಸಕ್ಕಾ. ನನ್ನ ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು. ಕೊನೆಗೆ ನನ್ನೆದುರು ಬಂದು, ಖಾಲಿ ಬಟ್ಟಲಲ್ಲಿ ಬೆರಳದ್ದಿ, ಕೂತಿದ್ದ ನನ್ನ ಹಣೆಗೆ ಒತ್ತಿ, "ಯವ್ವಾ, ನೀನೂ ಬಾ" ಎಂದಳು. ನಾನು ಅವಳನ್ನು ತಬ್ಬಿಕೊಂಡು ಎಷ್ಟು ಅತ್ತೆನೆಂದರೆ ಗಂಡ ಗಾಬರಿಯಾಗಿ ಓಡಿಬಂದರು.

ಗಂಡ ಹುಟ್ಟಿ ಬೆಳೆದದ್ದು ಈ ತೆಲುಗು ಊರಲ್ಲೇ, ಆ ಓಣಿಯ ಹೆಸರುಗಳು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಮೂರೇ. ಆ ಮೂರನ್ನು ನಾನೇ ಯಾವಾಗಲೋ ಬಾಯಿಬಿಟ್ಟಿರಬಹುದು ಎಂದುಕೊಂಡೆ, ಉಳಿದ ಎರಡು ಎಲ್ಲಿಂದ ಬಂದವು? ಊರಲ್ಲಿದ್ದ ಅತ್ತೆಯ ತಂಗಿಗೆ ಅಂದೇ ಫೋನ್ ಮಾಡಿ ಐದೂ ಹೆಸರು ಹೇಳಿದೆ. ಅವರು ಐದನ್ನೂ ಒಂದೊಂದಾಗಿ ಮತ್ತೆ ಹೇಳಿಕೊಂಡರು.

"ಮನಿ ಸಾಲು ಬರೋಬ್ಬರಿ ಐತಿ. ಆದ್ರ ನೀಲವ್ವನ ಮನಿ ಬಿದ್ದು ಭಾಳ ವರ್ಷ ಆತು. ನಾನೂ ಅಕ್ಕನೂ ಸಣ್ಣವರಿದ್ದಾಗಿನ ಮಾತದು. ನಿನಗ ಯಾರು ಹೇಳಿದ್ರು?"

ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಎಲ್ಲರನ್ನೂ ಕರೆದಾದ ಮೇಲೆ ಕೊನೆಗೆ ಕೂಸಿನ ತಾಯಿಯನ್ನೂ ಕರೆಯುವ ಪದ್ಧತಿ ಇದೆಯೇ ಎಂದು.

ಅವರು ನಕ್ಕರು. "ಹಡೆದಾಕಿನ್ನ ಯಾರ ಕರೀತಾರವಾ? ತೊಟ್ಟಲಾ ಅಕಿದಽ ಅಲ್ಲೇನು."

ಮಗಳು ಈಗ ಆರನೇ ತರಗತಿ. ಮೂರು ಭಾಷೆಯಲ್ಲಿ ತಲೆ ತಿನ್ನುತ್ತಾಳೆ, ಸಾಕು ಸುಮ್ಮನಿರೇ ಎನ್ನುವುದು ನನ್ನ ನಿತ್ಯದ ಕೆಲಸ. ಮನೆಯಲ್ಲಿ ಮತ್ತೆ ಕನ್ನಡವಿದೆ. ಅಷ್ಟು ಎಳೆಯ ಕೂಸು ದನಿಯ ಗುರುತು ಹಿಡಿಯಬಹುದು, ಹೆಸರುಗಳನ್ನು ಸಾಲಾಗಿ ಮೂರೂವರೆ ವರ್ಷ ಇಟ್ಟುಕೊಳ್ಳುತ್ತದೆ ಎಂದು ನಾನು ಓದಿದ ಯಾವ ಪುಸ್ತಕವೂ ಹೇಳುವುದಿಲ್ಲ. ಅದನ್ನಾದರೂ ಬಿಟ್ಟೇನು. ಅಂದು ಬಾಗಿಲಲ್ಲಿ ನಾನು ಕೇಳದೆ ಹೋದ ಕೊನೆಯ ಕರೆ ಯಾರಿಗಿತ್ತು ಎಂಬುದು ಮಾತ್ರ ಬಿಡುತ್ತಿಲ್ಲ. ಆ ಕಡೆ ಸೊಸೆಯನ್ನೂ ಯವ್ವಾ ಎನ್ನುವುದುಂಟು; ಪದ್ಧತಿಯಲ್ಲಿಲ್ಲದ ಆ ಕರೆಯನ್ನು ಅತ್ತೆ ತಾವಾಗಿ ಸೇರಿಸಿದ್ದರೇ, ಇಲ್ಲ ಮಗಳು ಸೇರಿಸಿದಳೇ? ಕೇಳೋಣವೆಂದರೆ ಅತ್ತೆ ಇಲ್ಲ. ಮಗಳನ್ನು ಕೇಳಿದರೆ, ಆ ದಿನವೇ ತನಗೆ ನೆನಪಿಲ್ಲ ಎನ್ನುತ್ತಾಳೆ.