ಅರ್ಥ ಹೇಳಾಕಿ ಮನ್ಯಾಗ ಅದಾಳ

ನಿಜಾಮರ ಕಾಲದ ಲಿಂಗಸುಗೂರಿನಲ್ಲಿ ಇಂಗ್ಲಿಷ್ ಬಲ್ಲವರೆಂದು ಹೇಳಿಕೊಂಡು ತಿರುಗುತ್ತಿದ್ದವರು ಐದಾರು ಜನ ಇದ್ದರು. ಟೊಪ್ಪಿಗೆ ಹಾಕಿಕೊಂಡು, ಕಿಸೆಯಲ್ಲಿ ಪೆನ್ನು ಸಿಕ್ಕಿಸಿಕೊಂಡು, ಕಚೇರಿಯ ಕಟ್ಟೆಯ ಮೇಲೆ ಕೂತು ಒಬ್ಬರಿಗೊಬ್ಬರು ಗುಡ್ ಮಾರ್ನಿಂಗ್ ಹೇಳಿಕೊಳ್ಳುತ್ತಿದ್ದರು. ಅದರಾಚೆಗೆ ಅವರ ಬಾಯಿಂದ ಏನೂ ಬಂದದ್ದನ್ನು ನಾನು ಕೇಳಿಲ್ಲ. ನಿಜವಾಗಿ ಬಲ್ಲವಳು ಒಬ್ಬಳಿದ್ದಳು. ಅವಳಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಹೆಸರು ಪೀರಮ್ಮ, ಮುಸಾಫಿರ್ ಬಂಗಲೆಯ ಚೌಕೀದಾರ ಅಂಬಪ್ಪನ ಹೆಂಡತಿ. ಅವಳ ವಿಷಯ ಬರೆಯಬೇಕೆಂದರೆ ನನ್ನ ಮಾನ ನಾನೇ ಕಳೆದುಕೊಳ್ಳಬೇಕಾಗುತ್ತದೆ. ಕಳೆದುಕೊಳ್ಳುತ್ತೇನೆ, ಅದೇನು ಅಷ್ಟು ದೊಡ್ಡದಾಗಿರಲಿಲ್ಲ.

ನಾನು ಮಸ್ಕಿಯವನು, ಹೆಸರು ಆದಪ್ಪ. ಓದಲೆಂದು ಲಿಂಗಸುಗೂರಿನ ಸೋದರಮಾವನ ಮನೆ ಸೇರಿದವನು. ಮಾವ ಯಂಕೋಬ ಮಾಸ್ತರ ಅಂದರೆ ಊರಿಗೆ ಊರೇ ನಡುಗುತ್ತಿತ್ತು. ಆತ ಇಂಗ್ಲಿಷ್ ಕಲಿಸುವ ರೀತಿ ಹೀಗೆ: ಸರಕಾರದ ಶಾಲೆಯಲ್ಲಿ ಎಲ್ಲವೂ ಉರ್ದುವಿನಲ್ಲಿ ನಡೆಯಬೇಕು, ಆದ್ದರಿಂದ ಇಂಗ್ಲಿಷ್ ಮಾತೊಂದನ್ನು ಹೇಳಿ ಅದರ ಉರ್ದು ಅರ್ಥ ಹೇಳುತ್ತಿದ್ದ. ಕನ್ನಡದ ಹೊರತು ಬೇರೇನೂ ಬಾರದ ನಾವು ಎರಡನ್ನೂ ಬಾಯಿಪಾಠ ಮಾಡುತ್ತಿದ್ದೆವು. ತಿಳಿಯದ ಮಾತಿಗೆ ತಿಳಿಯದ ಮಾತೇ ಅರ್ಥ. ತಪ್ಪಿದರೆ ಬೀಳುವ ಹುಣಸೆ ಬರಲಿನ ಏಟು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಕತೆ ಪುಸ್ತಕ ಕಂಡರೆ ಆತನ ಮೈಯೆಲ್ಲ ಉರಿ.

“ಇಂಗ್ಲಿಷ್ ಅಂದ್ರ ಕತಿ ಓದಿ ಹಲ್ಲು ಕಿಸಿಯೋ ಮಾತಲ್ಲಲೇ ಆದ್ಯಾ. ಅದು ರಾಜ್ಯ ಆಳೋ ಭಾಷಾ” ಅನ್ನುತ್ತಿದ್ದ. ಆತ ಆಳಿದ್ದು ನಮ್ಮ ಬೆನ್ನುಗಳನ್ನು ಮಾತ್ರ.

ಅತ್ತ ಬಂಗಲೆಯಲ್ಲಿ ನಡೆಯುತ್ತಿದ್ದದ್ದೇ ಬೇರೆ. ಅಂಬಪ್ಪ ಚಿಕ್ಕಂದಿನಲ್ಲಿ ಒಬ್ಬ ಮುದಿ ಪಾದ್ರಿಯ ಬಳಿ ಅಕ್ಷರ ಕಲಿತಿದ್ದ. ಪಾದ್ರಿಗೆ ಬೇಕಾಗಿದ್ದದ್ದು ಪ್ರಾರ್ಥನೆ ಪುಸ್ತಕವನ್ನು ಗಟ್ಟಿಯಾಗಿ, ಸ್ವಚ್ಛವಾಗಿ ಓದುವ ಒಬ್ಬ ಹುಡುಗ. ಅರ್ಥ ಹೇಳುವ ಗೋಜಿಗೆ ಆತ ಹೋಗಿರಲಿಲ್ಲ. ಹೀಗಾಗಿ ಅಂಬಪ್ಪ ಎಂಥ ಇಂಗ್ಲಿಷನ್ನಾದರೂ ಗಂಟೆ ಬಾರಿಸಿದಂತೆ ಓದುತ್ತಿದ್ದ, ಒಂದು ಮಾತೂ ತಿಳಿಯುತ್ತಿರಲಿಲ್ಲ. ಪೀರಮ್ಮ ಹನ್ನೊಂದು ವರ್ಷ ಊರಿನ ಹತ್ತಿ ಕಂಪನಿಯ ಹಿಂದಿನ ಬಿಳಿ ದೊರೆಯ ಮನೆಯಲ್ಲಿ ಮಕ್ಕಳನ್ನು ಆಡಿಸಿದವಳು. ಮಕ್ಕಳನ್ನು ಬೈದು, ಅವರಿಂದ ಬೈಸಿಕೊಂಡು, ಮುದ್ದು ಮಾಡಿ ಇಂಗ್ಲಿಷ್ ಮಾತು ಅವಳ ಕಿವಿಗೆ ಹತ್ತಿತ್ತು. ಆದರೆ ಪುಸ್ತಕ ಕೊಟ್ಟರೆ ಯಾವ ಕಡೆ ಮೇಲು, ಯಾವ ಕಡೆ ಕೆಳಗು ಎನ್ನುವುದೂ ಗೊತ್ತಾಗುತ್ತಿರಲಿಲ್ಲ.

ಬಂಗಲೆಗೆ ಬಂದು ಹೋಗುವ ಸಾಹೇಬರು ಓದಿ ಬಿಸಾಕಿದ ಕತೆ ಪುಸ್ತಕಗಳು ಒಂದು ಟ್ರಂಕಿನ ತುಂಬ ಇದ್ದವು. ನಮ್ಮ ಕಡೆ ಶ್ರಾವಣದಲ್ಲಿ ಪುರಾಣ ಹೇಳಿಸುವುದುಂಟಲ್ಲ, ಒಬ್ಬ ಓದುತ್ತಾನೆ, ಇನ್ನೊಬ್ಬ ಅರ್ಥ ಹೇಳುತ್ತಾನೆ. ಈ ಗಂಡ ಹೆಂಡತಿ ಅದನ್ನೇ ಹಿಡಿದರು. ಸಂಜೆ ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಅಂಬಪ್ಪ ಪದ್ಮಾಸನ ಹಾಕಿ ಎರಡು ಸಾಲು ಓದಿ ನಿಲ್ಲಿಸುತ್ತಿದ್ದ. ಪೀರಮ್ಮ ಶೇಂಗಾ ಸುಲಿಯುತ್ತ ಅರ್ಥ ಹೇಳುತ್ತಿದ್ದಳು. ತಿಳಿಯದಿದ್ದರೆ, “ಇನ್ನೊಮ್ಮೆ ಓದು” ಅನ್ನುತ್ತಿದ್ದಳು. ಮೂರು ಸಲ ಓದಿದರೂ ತಿಳಿಯದಿದ್ದರೆ, “ಇರ್ಲಿ, ಮುಂದ ಹೋಗು, ಹಿಂದಿಂದು ಮುಂದ ತಿಳಿತೈತಿ” ಅನ್ನುತ್ತಿದ್ದಳು. ತಿಳಿಯುತ್ತಲೂ ಇತ್ತು. ಒಂದು ಪುಸ್ತಕ ಮುಗಿಯುವ ಹೊತ್ತಿಗೆ ಮಕ್ಕಳ ಬಾಯಲ್ಲಿ ಎಂದೂ ಕೇಳಿರದ ಮಾತುಗಳು ಅವಳವಾಗಿರುತ್ತಿದ್ದವು.

ನಾಲ್ಕು ಜನ ಕೇಳಲು ಸೇರುತ್ತಿದ್ದರು. ಟಾಂಗಾ ಹೊಡೆಯುವ ಶಾಮೀದಸಾಬನಂತೂ ಒಂದು ದಿನ ತಪ್ಪಿಸಿದವನಲ್ಲ. ನಾನೂ ಮಾವನ ಕಣ್ಣು ತಪ್ಪಿಸಿ ಹೋಗಿ ಕೂರುತ್ತಿದ್ದೆ, ಕೇಳುವುದಕ್ಕಲ್ಲ, ನಗುವುದಕ್ಕೆ. ಒಬ್ಬನಿಗೆ ಬಾಯಿ ಮಾತ್ರ, ಒಬ್ಬಳಿಗೆ ಕಿವಿ ಮಾತ್ರ, ಇಬ್ಬರೂ ಸೇರಿದರೆ ಒಂದು ಇಂಗ್ಲಿಷ್. ಮರುದಿನ ಶಾಲೆಯಲ್ಲಿ ಅವರಿಬ್ಬರ ಅಣಕ ಮಾಡಿ ತೋರಿಸಿ ಹುಡುಗರಿಂದ ಭೇಷ್ ಅನ್ನಿಸಿಕೊಳ್ಳುತ್ತಿದ್ದೆ.

“ಯಕ್ಕಾ, ಅಷ್ಟು ತಿಳಿತೈತಿ ಅಂದ್ರ ಅಕ್ಷರಾನೂ ಕಲಿಬಾರದೇನು” ಎಂದು ಒಮ್ಮೆ ಕೇಳಿದೆ.

“ಕೈಯಾಗ ಶೇಂಗಾ ಸುಲಿಬೇಕು, ಕಣ್ಣು ಒಲಿ ಮ್ಯಾಲಿರಬೇಕು. ಖಾಲಿ ಇರೋದು ಕಿವಿ ಒಂದ. ಅದಕ್ಕ ಕೆಲಸ ಕೊಟ್ಟೀನಿ” ಅಂದಳು.

ಮಹಾಯುದ್ಧ ಸುರುವಾದ ವರ್ಷ ಬಂಗಲೆಯನ್ನು ಪೊಲೀಸರಿಗೆ ಕೊಡುವುದೆಂದು ಹುಕುಂ ಬಂತು. ಚೌಕೀದಾರನ ಕೆಲಸ ಹೋಯಿತು, ಇರುವ ಕೋಣೆಯೂ ಹೋಗುವುದಿತ್ತು. ಅದೇ ಹೊತ್ತಿಗೆ ಹತ್ತಿ ಕಂಪನಿಯ ಹೊಸ ದೊರೆಗೆ ಇಂಗ್ಲಿಷ್ ಬಲ್ಲ ಗುಮಾಸ್ತ ಬೇಕಾಗಿದ್ದ. ನೌಕರಿಯ ಜೊತೆ ಎರಡು ಕೋಣೆಯ ಮನೆ. ಅಂಬಪ್ಪ ಒಗೆದ ಧೋತರ ಉಟ್ಟು ಹೋದ. ನನ್ನನ್ನು ಮಾವ ತನ್ನ ಕೋಟು ತೊಡಿಸಿ ಕರೆದೊಯ್ದ. ಅದರ ತೋಳು ನನ್ನ ಬೆರಳು ಮುಚ್ಚುತ್ತಿದ್ದವು.

ದೊರೆ ಅಂಬಪ್ಪನಿಗೆ ಒಂದು ಇಂಗ್ಲಿಷ್ ಪತ್ರಿಕೆ ಕೊಟ್ಟ. ಅಂಬಪ್ಪ ಎದ್ದು ನಿಂತು ಓದಿದ. ಏನು ಓದಿದನಪ್ಪ ಅಂದರೆ, ದೊರೆ ಬಾಯಿಂದ ಚುಟ್ಟಾ ತೆಗೆದು ನೋಡಿದ. ಮಾವನ ಮುಖ ಕಪ್ಪಿಟ್ಟಿತು. ಆಮೇಲೆ ದೊರೆ ಏನೋ ಕೇಳಿದ. ಬಾಗಿಲಲ್ಲಿದ್ದ ಬಟ್ಲರ್, “ಓದಿದ್ದರ ಅರ್ಥ ಏನು ಅಂತ ಕೇಳಾಕತ್ತಾರ” ಅಂದ.

ಅಂಬಪ್ಪ ಕೈಮುಗಿದು, “ಓದೋದು ನಂದ್ರಿ. ಅರ್ಥ ಹೇಳಾಕಿ ಮನ್ಯಾಗ ಅದಾಳ” ಅಂದ.

ಕಚೇರಿಗೆ ಕಚೇರಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ, ಕೋಟಿನ ತೋಳು ಬಾಯಿಗೆ ತುರುಕಿಕೊಂಡು. ಅಂಬಪ್ಪನಿಗೆ ಅದರಲ್ಲಿ ನಗುವಂಥದ್ದೇನಿದೆ ಎಂದು ತಿಳಿಯಲೇ ಇಲ್ಲ. “ಕರಕೊಂಡ್ ಬರ್ಲೇನ್ರಿ, ಇಲ್ಲೇ ಅದಾಳ” ಎಂದು ಎರಡು ಸಲ ಕೇಳಿದ. ಅವನನ್ನು ಹೊರಗೆ ಕಳಿಸಿದರು. ನನಗೆ ಏನು ಕೇಳಿದರೋ ನನಗೆ ಗೊತ್ತಿಲ್ಲ. ಕೇಳಿದ್ದಕ್ಕೆಲ್ಲ ಮಾವ ಬಾಯಿಪಾಠ ಮಾಡಿಸಿದ್ದ ಅರ್ಜಿಯನ್ನು ಸುರುವಿನಿಂದ ಕೊನೆತನಕ ಒಪ್ಪಿಸಿದೆ. ದೊರೆ ಕಿವಿ ಮುಚ್ಚಿಕೊಂಡು ಒಂದು ಹಾಳೆ ಮುಂದೆ ಸರಿಸಿದ. ನಕಲು ಮಾಡಿದೆ. ನನ್ನ ಅಕ್ಷರ ದುಂಡಗಿತ್ತು. ನೌಕರಿ ನನಗೆ ಸಿಕ್ಕಿತು.

ಅಂಬಪ್ಪ ಮನೆಗೆ ಹೋದವನೇ ಅರ್ಧ ಓದಿದ್ದ ಪುಸ್ತಕವನ್ನು ಟ್ರಂಕಿನಲ್ಲಿ ಹಾಕಿ ಬೀಗ ಜಡಿದನಂತೆ. “ನನ್ನ ಬಾಯಿಂದ ಇನ್ನ ಇಂಗ್ಲಿಷ್ ಬರಂಗಿಲ್ಲ” ಅಂದನಂತೆ. ಊರ ಹುಡುಗರು ಅವನನ್ನು ಕಂಡಲ್ಲೆಲ್ಲ, “ಅರ್ಥ ಹೇಳಾಕಿ ಎಲ್ಲಿ ಅದಾಳ” ಎಂದು ಕೂಗುತ್ತಿದ್ದರು. ಹಾಗೆ ಕೂಗಲು ಕಲಿಸಿದವನು ನಾನೇ. ಗಂಡ ಹೆಂಡತಿ ಸಂತೆಕಟ್ಟೆಯ ಹಿಂದೆ ಒಂದು ಗುಡಿಸಲು ಸೇರಿದರು. ಕತೆ ಅರ್ಧಕ್ಕೆ ನಿಂತಿತು. ಪೀರಮ್ಮ ಕೇಳಿದಳು, ಬೇಡಿಕೊಂಡಳು, ನಾಲ್ಕು ದಿನ ಮಾತು ಬಿಟ್ಟಳು. ಅವನು ಜಗ್ಗಲಿಲ್ಲ. ಶಾಮೀದಸಾಬ ಇದನ್ನೆಲ್ಲ ಟಾಂಗಾದಲ್ಲಿ ಹೇಳುತ್ತಿದ್ದಾಗ ನಾನು ಗುಮಾಸ್ತನ ಗತ್ತಿನಲ್ಲಿ ಕೂತು ತಲೆಯಾಡಿಸಿದೆ, ಮೂರ್ಖರು ಅಂದುಕೊಂಡೆ.

ನನ್ನ ಗುಮಾಸ್ತಿಕೆ ಬಲು ಸೊಗಸಾಗಿತ್ತು. ಮೇಜಿನ ಮೇಲೆ ಇಂಗ್ಲಿಷ್ ಕಾಗದ ಬಂತೆಂದರೆ ವಹಿಯಲ್ಲಿ ದುಂಡಗೆ ನಕಲು ಮಾಡುವುದು, ತಿರುಗಿ ಅಲ್ಲೇ ಇಡುವುದು. ಒಂದು ಮಧ್ಯಾಹ್ನ ದೊರೆ ಕುದುರೆ ಹತ್ತುವ ಮುಂಚೆ ಒಂದು ಚೀಟಿ ಬರೆದಿಟ್ಟು ಹೋದ. ಮೋಡ ಕವಿದಿದೆ, ಅಂಗಳದ ಹತ್ತಿಯನ್ನು ಗೋದಾಮಿಗೆ ಸಾಗಿಸು ಎಂದು ಅದರಲ್ಲಿತ್ತಂತೆ. ನಾನು ಅದನ್ನೂ ನಕಲು ಮಾಡಿ, ಕೆಳಗೊಂದು ಗೆರೆ ಎಳೆದು ಇಟ್ಟೆ. ಮಳೆ ಹೊಡೆದು ಹತ್ತಿಯೆಲ್ಲ ತೊಯ್ದು ತೊಪ್ಪೆಯಾಯಿತು. ದೊರೆ ಬೈಯಲಿಲ್ಲ. ಮರುದಿನ ಶಾಂತವಾಗಿ ಒಂದು ಕಾಗದ ಕೊಟ್ಟು ಶುದ್ಧ ನಕಲು ಮಾಡಲು ಹೇಳಿದ. ಅವನ ಶಾಂತಿ ನನಗೆ ಸರಿಕಾಣಲಿಲ್ಲ. ಎರಡು ನಕಲು ಮಾಡಿ ಒಂದನ್ನು ಮಾವನ ಬಳಿ ಒಯ್ದೆ.

ಮಾವ ಕನ್ನಡಕ ಒರೆಸಿದ. ಕಾಗದವನ್ನು ದೂರ ಹಿಡಿದ, ಹತ್ತಿರ ಹಿಡಿದ.

“ಇದು ವ್ಯಾಪಾರದ ಇಂಗ್ಲಿಷಲೇ. ನಾ ಕಲಿಸಿದ್ದು ವ್ಯಾಕರಣದ ಇಂಗ್ಲಿಷು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ” ಅಂದ. ಇಪ್ಪತ್ತು ವರ್ಷ ಸರಕಾರದ ಸಂಬಳ ತಿಂದ ಮನುಷ್ಯ ಕಣ್ಣರೆಪ್ಪೆ ಬಡಿಯದೆ ಹೇಳಿದ ಮಾತಿದು. ಆಮೇಲೆ ಊಟಕ್ಕೆ ಎದ್ದ.

ನಾನು ಸಂತೆಕಟ್ಟೆಯ ಹಿಂದೆ ಹೋದೆ. ಪೀರಮ್ಮ ಶೇಂಗಾ ಸುಲಿಯುತ್ತಿದ್ದಳು. ಅಂಬಪ್ಪ ಗೋಡೆಯ ಕಡೆ ಮುಖ ಮಾಡಿ ಹಗ್ಗ ಹೊಸೆಯುತ್ತಿದ್ದ.

“ಯಕ್ಕಾ, ಒಂದು ಕಾಗದ ಐತಿ. ನಾ ಓದ್ತೀನಿ, ನೀ ಅರ್ಥ ಹೇಳ್ತೀಯೇನು” ಅಂದೆ.

ಓದಿದೆ. ಪೀರಮ್ಮ ಕೈ ನಿಲ್ಲಿಸಿದಳು. “ಇನ್ನೊಮ್ಮೆ ಓದು” ಅಂದಳು. ಓದಿದೆ.

“ಈ ಕಾಗದ ಬರದಾಂವ ಯಾರು?”

“ಬರದಾಂವ ದೊರಿ, ನಕಲು ಮಾಡಿದಾಂವ ನಾನ. ಅಕ್ಷರ ಚಂದ ಬಂದಾವು.”

“ಚಂದ ಬಂದಾವು ಬಿಡು. ಈ ಗುಮಾಸ್ತಗ ಒಂದು ಮಾತೂ ತಿಳಿಯಂಗಿಲ್ಲ, ತಿಂಗಳ ಕಡೀಕ ಇವನ್ನ ಬಿಡಸ್ತೀನಿ, ಮದ್ರಾಸದಿಂದ ಒಬ್ಬನ್ನ ಕಳಿಸ್ರಿ ಅಂತ ಬರಸ್ಯಾನ. ನಿನ್ನ ಕೈಲೇ ಬರಸ್ತಾನ ಅಂದ್ರ, ನಿನಗ ತಿಳಿಯಂಗಿಲ್ಲ ಅಂತ ಅವನಿಗೆ ಖಾತ್ರಿ ಐತಿ.”

ಅಂಬಪ್ಪ ಈಗ ನಗುತ್ತಾನೆ ಎಂದು ಕಾದೆ. ನಕ್ಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ಹಗ್ಗ ಹೊಸೆಯುತ್ತಲೇ ಇದ್ದ. ಪೀರಮ್ಮ ಎದ್ದು ಹೋಗಿ ಟ್ರಂಕಿನ ಬೀಗ ತೆಗೆದು ಒಂದು ಪುಸ್ತಕ ತಂದು ನನ್ನ ತೊಡೆಯ ಮೇಲೆ ಹಾಕಿದಳು.

“ಕಾಗದದ ಅರ್ಥ ಹೇಳೀನಿ. ಈಗ ನೀ ನನಗ ಇದನ್ನ ಓದು. ಗುರ್ತಿನ ಹುಲ್ಲುಕಡ್ಡಿ ಐತಿ ನೋಡು, ಅಲ್ಲಿಂದ.”

ಓದಿದೆ. ಮರುದಿನವೂ ಹೋದೆ, ಅದರ ಮರುದಿನವೂ. ತಿಂಗಳ ಕೊನೆಗೆ ನನ್ನನ್ನು ತೆಗೆದು ಹಾಕಿದರು, ಮದ್ರಾಸಿನವನು ಬಂದ. ನಾನು ಮಸ್ಕಿಗೆ ಹೋಗಬೇಕಾಗಿತ್ತು, ಹೋಗಲಿಲ್ಲ. ಪುಸ್ತಕದಲ್ಲಿ ಒಬ್ಬ ಮುದುಕಿಯ ಮುತ್ತಿನ ಸರ ಕಳೆದಿತ್ತು, ಕದ್ದವರು ಯಾರೆಂದು ತಿಳಿಯದೆ ಊರು ಬಿಡುವ ಮನಸ್ಸಾಗಲಿಲ್ಲ. ಶಾಮೀದಸಾಬನೂ ಬಂದು ಕೂರತೊಡಗಿದ. ನನ್ನ ಓದಾದರೋ ಕಲ್ಲಿನ ದಾರಿಯಲ್ಲಿ ಅವನ ಟಾಂಗಾ ಹೋದ ಹಾಗೆ. ಅಂಬಪ್ಪ ಗೋಡೆಯ ಕಡೆ ಕೂತು ಹಲ್ಲು ಕಚ್ಚಿ ಸಹಿಸುತ್ತಿದ್ದ. ಎರಡು ಮೂರು ತಿಂಗಳು ಸಹಿಸಿರಬೇಕು. ಒಂದು ಸಂಜೆ ಹಗ್ಗ ಬಿಸಾಕಿ ಎದ್ದು ಬಂದು ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡ.

“ಕೊಡಲೇ ಇಲ್ಲೆ. ಮಾತು ಅಗಿದು ಅಗಿದು ಉಗುಳಾಕತ್ತಿ. ಆಕಿಗೆ ಹ್ಯಾಂಗ ತಿಳಿಬೇಕು” ಅಂದ.

ಪೀರಮ್ಮ ತಲೆ ಎತ್ತಲಿಲ್ಲ. ಸುಲಿದ ಶೇಂಗಾವನ್ನೇ ಮತ್ತೆ ಸುಲಿಯುತ್ತಿದ್ದಳು. ಅಂಬಪ್ಪ ಪದ್ಮಾಸನ ಹಾಕಿ, ಗಂಟಲು ಸರಿ ಮಾಡಿಕೊಂಡು ಓದಿದ. ಕೈ ಖಾಲಿಯಾಗಿ ನಾನು ಸುಮ್ಮನೆ ಕೂತಿದ್ದೆ. ಕಳ್ಳನನ್ನು ಹಿಡಿಯಲು ಒಬ್ಬ ಪೊಲೀಸಿನವ ಮುದುಕಿಯ ಕಪಾಟಿನಲ್ಲಿ ಅಡಗಿ ಕೂತು ಅಲ್ಲೇ ನಿದ್ದೆ ಹೋಗಿ ಗೊರಕೆ ಹೊಡೆಯುತ್ತಾನೆ. ಮುದುಕಿ ಕಪಾಟು ತೆಗೆದು, ಅವನ ತಲೆಯ ಕೆಳಗೊಂದು ದಿಂಬು ಇಟ್ಟು, ಮತ್ತೆ ಬಾಗಿಲು ಹಾಕುತ್ತಾಳೆ. ನಾನು ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಾಗ ನೋಡುತ್ತೇನೆ, ಶಾಮೀದಸಾಬ ಸಪ್ಪಗೆ ಕೂತಿದ್ದಾನೆ, ಅಂಬಪ್ಪ ಓದು ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿದ್ದಾನೆ. ಪೀರಮ್ಮ ಇನ್ನೂ ಅರ್ಥ ಹೇಳಿರಲಿಲ್ಲ.

“ಬಾಯಿ ಮುಚ್ಚಲೇ ಆದಪ್ಪ” ಅಂದಳು ಅವಳು. “ಸಾಬಣ್ಣಗ ನಾ ಇನ್ನ ಹೇಳಿಲ್ಲ.”